ಇಪ್ಪತ್ತೊಂದನೇ ಫಾರಂ

ಪುಸ್ತಕ ಮೇಜಿಗೆ ಬಡಿದ ರಭಸಕ್ಕೆ ಅಂಟಿನ ಡಬ್ಬಿ ಹಾರಿ ನೆಲಕ್ಕುರುಳಿತು.

"ಯಾರ್ರೀ ಇದನ್ನ ಹೊಲಿದಿದ್ದು? ಕಣ್ಣಿದೆಯಾ ಇಲ್ವಾ ನಿಮಗೆ?"

ಬೈಂಡಿಂಗ್ ಕೋಣೆಯ ಮುಂಭಾಗದಲ್ಲಿ ಆಗ ಅವಳೊಬ್ಬಳೇ ಇದ್ದಳು. ಬಂದವನ ಭುಜ ಬಾಗಿಲ ಚೌಕಟ್ಟಿನಷ್ಟೇ ಅಗಲ. ಅಂಗಿಯ ತುಂಬ ಗ್ರೀಸಿನ ಕಲೆ, ಜೇಬಿನ ಮೇಲೆ ಲಿಫ್ಟ್ ರಿಪೇರಿಯವರ ಬಿಲ್ಲೆ. ಎತ್ತಿದ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಅವಳು ಎರಡೂ ಮೊಣಕೈಗಳಿಂದ ತಲೆ ಮುಚ್ಚಿಕೊಂಡು, ಎಡಕ್ಕೆ ಬಾಗಿ, ಮೇಜಿನಡಿಗೆ ಅರ್ಧ ಇಳಿದುಬಿಟ್ಟಳು. ಎಡಗಿವಿಗೆ ಬಿದ್ದ ಏಟು ಹೆಚ್ಚು ಹೊತ್ತು ಗುಂಯ್‌ಗುಡುತ್ತದೆ... ಅದನ್ನು ಮೊದಲು ಅಡಗಿಸಬೇಕು. ದೇಹಕ್ಕೆ ಅದು ಬಾಯಿಪಾಠವಾಗಿತ್ತು.

ಏಟು ಬೀಳಲಿಲ್ಲ.

"ನಾನು... ನಾನು ಹೊಡೆಯೋಕೆ ಬಂದಿದ್ದಲ್ಲ ಮೇಡಂ."

"ಗೊತ್ತು," ಎಂದಳು ಅವಳು. ಮೊಣಕೈ ಮಾತ್ರ ಇಳಿಸಲಿಲ್ಲ.

ಅವನು ತನ್ನ ಕೈಯನ್ನೇ ನೋಡಿಕೊಂಡ. ಹಾವನ್ನು ಹಿಡಿದವನು ನಿಧಾನಕ್ಕೆ ಕೆಳಗಿಡುವ ಹಾಗೆ ಅದನ್ನು ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ.

"ಏಳು ತಿಂಗಳು ಓದಿದೆ," ಈಗ ಅವನ ದನಿ ತಗ್ಗಿತ್ತು. "ನಾಲ್ಕನೇ ಕ್ಲಾಸಿಗೇ ಮೇಷ್ಟ್ರ ತಲೆ ಒಡೆದು ಶಾಲೆ ಬಿಟ್ಟೋನು ನಾನು. ಅಕ್ಷರ ಕೂಡಿಸ್ಕೊಂಡು ಕೂಡಿಸ್ಕೊಂಡು, ಜೀವನದಲ್ಲಿ ಮೊದಲನೇ ಸಲ ಒಂದು ಕಥೆಯ ಕೊನೆ ಮುಟ್ಟಿದೆ. ಮುನ್ನೂರ ಇಪ್ಪತ್ತನೇ ಪುಟ. ತಿರುವಿ ಹಾಕಿದ್ರೆ, ನೂರ ಎಪ್ಪತ್ತೇಳು. ಮತ್ತೆ ಹಿಂದಕ್ಕೆ. ಅಂಗಡಿಯವನ ಹತ್ರ ಬೇರೆ ಪ್ರತಿ ಇಲ್ಲ, ಹೊಲಿದೋರನ್ನೇ ಕೇಳು ಅಂದ."

ಅವಳಿಗೆ ಪುಸ್ತಕ ಬಿಡಿಸಿ ನೋಡುವ ಅಗತ್ಯವೇ ಇರಲಿಲ್ಲ.

ಹದಿನಾರು ಪುಟಗಳ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಒಂದೊಂದರ ಬುಡದಲ್ಲೂ ಒಂದು ಸಣ್ಣ ಅಂಕಿ. ಅದನ್ನು ನೋಡಿ ಒಂದರ ಮೇಲೊಂದು ಪೇರಿಸಿ ಹೊಲಿಯುವುದು ಅವಳ ಕೆಲಸ. ಈ ಪ್ರತಿಯಲ್ಲಿ ೨೧ ಇರಬೇಕಾದ ಕಡೆ ೧೨ ಕೂತಿತ್ತು. ಅದನ್ನು ಪೇರಿಸಿದ ದಿನ ಅವಳ ಎಡಗಣ್ಣು ಬಾತುಕೊಂಡು ಮುಚ್ಚಿತ್ತು. ಕೆಲಸ ಮುಗಿದಾಗ ಒಂದೇ ಒಂದು ಇಪ್ಪತ್ತೊಂದು ಮೇಜಿನ ಮೇಲೆ ಅನಾಥವಾಗಿ ಉಳಿದಿತ್ತು. ಅಣ್ಣನ ಕಣ್ಣಿಗೆ ಬೀಳದಂತೆ ಅದನ್ನು ದಾರದ ಪೆಟ್ಟಿಗೆಯ ತಳಕ್ಕೆ ತಳ್ಳಿದ್ದಳು.

ಅಷ್ಟರಲ್ಲಿ ಒಳಗೆ ಕತ್ತರಿಸುವ ಯಂತ್ರದ ಸದ್ದು ನಿಂತಿತು. ಅಣ್ಣ ಪರದೆ ಸರಿಸಿ ಬಂದ. ಕೈಯಲ್ಲಿ ಪುಸ್ತಕದ ಬೆನ್ನು ಬಡಿಯುವ ಮರದ ಕೊಡತಿ.

"ಏನದು ಗಲಾಟೆ? ಈ ಕುರುಡಿ ಮತ್ತೆ ಏನು ಕೆಡಿಸಿದ್ಲು?"

ಲಿಫ್ಟಿನವನು ಅವಳ ಮೊಣಕೈ ನೋಡಿದ. ಕೊಡತಿ ನೋಡಿದ.

"ಏನಿಲ್ಲ ಯಜಮಾನ್ರೇ. ಪುಸ್ತಕ ಲಿಫ್ಟಿನ ಗುಂಡಿಗೆ ಬಿದ್ದು ರಟ್ಟು ಬಿಟ್ಕೊಂಡಿದೆ. ಹೊಲಿಸೋಣ ಅಂತ ಬಂದೆ. ಅಂಟು ಚೆಲ್ಲಿದ್ದು ನಾನೇ."

ಅಪರಿಚಿತನೊಬ್ಬ ಅವಳಿಗಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಅಣ್ಣ ಗೊಣಗುತ್ತಾ ಒಳಗೆ ಹೋದ. ಅವಳು ಅಂಟು ಒರೆಸುತ್ತಾ ತಲೆಯೆತ್ತದೆ ಪಿಸುಗುಟ್ಟಿದಳು: "ಗುರುವಾರ ಮಧ್ಯಾಹ್ನ ಬನ್ನಿ. ಅಣ್ಣ ಪ್ರೆಸ್ಸಿಗೆ ಹೋಗಿರ್ತಾನೆ. ನಿಮ್ಮ ಕೊನೆ ನನ್ನ ಹತ್ರ ಇದೆ."

*

ಗುರುವಾರ ಅವನು ಬಂದಾಗ ಅವಳು ಫಾರಂ ಕೊಡಲಿಲ್ಲ. ಎದೆಗವಚಿಕೊಂಡು ನಿಂತಳು.

"ಒಂದು ಮಾತು ಕೇಳ್ಲಾ? ನಾನು ಈ ಹದಿನಾರು ಪುಟ ಮಾತ್ರ ಓದಿದ್ದೀನಿ. ಮೊದಲು ಏನಾಯ್ತು ಅಂತ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಕಥೆ ಹೊಲೀತಿದ್ದೀನಿ, ಒಂದನ್ನೂ ಪೂರ್ತಿ ಓದಿಲ್ಲ. ಅಣ್ಣ ಬಿಡಲ್ಲ. ನೀವು ಮೊದಲಿನಿಂದ ಹೇಳ್ತೀರಾ?"

"ಹೇಳಿದ್ರೆ?"

"ಮುಗಿದ ದಿನ ಕೊನೆ ಕೊಡ್ತೀನಿ."

ಅವನು ನಕ್ಕ. "ಒಳ್ಳೆ ಅಡವು ಇಟ್ಕೊಂಡಿದ್ದೀರ."

ಹೀಗೆ ಗುರುವಾರಗಳ ಓದು ಶುರುವಾಯಿತು. ಪುಸ್ತಕವನ್ನು ಅವನು ಅವಳ ಬಳಿಯೇ ಬಿಟ್ಟು ಹೋಗುತ್ತಿದ್ದ. ಕಥೆ ಒಬ್ಬ ದೋಣಿಯವಳದು. ಊರಿನವರನ್ನೆಲ್ಲ ಹೊಳೆ ದಾಟಿಸುತ್ತಾಳೆ, ತಾನು ಮಾತ್ರ ಆಚೆ ದಡದಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ. ಲಿಫ್ಟಿನವನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಒತ್ತಕ್ಷರ ಸಿಕ್ಕಿದರೆ ಹಲ್ಲು ಕಚ್ಚಿ, ಜಾಮ್ ಆದ ಬೋಲ್ಟ್ ಬಿಚ್ಚುವವನಂತೆ ಅದರ ಮೇಲೆ ಬೀಳುತ್ತಿದ್ದ.

"ಅದು 'ಪ್ರಕ್ಷುಬ್ಧ'," ಎನ್ನುವಳು ಅವಳು.

"ಈ ಪದಾನ ಹುಟ್ಟಿಸಿದವನು ಕೈಗೆ ಸಿಗ್ಬೇಕು ನಂಗೆ."

ಅವಳು ನಕ್ಕಳು. ನಕ್ಕಾಗ ಸೀಳಿದ ತುಟಿ ಉರಿಯಿತು. ಅವನು ಅದನ್ನು ಕಂಡ. ಮುಷ್ಟಿ ತಾನಾಗಿ ಬಿಗಿಯಿತು.

"ಬೇಡ," ಅವಳು ಥಟ್ಟನೆ ಹೇಳಿದಳು. "ನಿಮ್ಮ ಕೈ ಹಾಗಾದ್ರೆ ನನಗೆ ನೀವೂ ಅವನ ಹಾಗೇ ಕಾಣ್ತೀರ."

ಅಂದಿನಿಂದ ಅವನು ಓದುವಾಗ ಇನ್ನೊಂದು ಕೈಯನ್ನು ತೊಡೆಯಡಿ ಇಟ್ಟುಕೊಂಡೇ ಕೂರುತ್ತಿದ್ದ.

ಒಂದು ಗುರುವಾರ ಅವಳು ಕತ್ತರಿಸದ ಫಾರಂ ಒಂದನ್ನು ತೋರಿಸಿದಳು. "ನೋಡಿ, ಹಾಳೆ ಮಡಚಿ ಅಂಚು ಕೊಯ್ಯದೆ ಬಿಟ್ರೆ ಕೆಲವು ಪುಟ ಒಳಗೇ ಉಳಿಯುತ್ತೆ. ಬಾಯಿ ಮುಚ್ಚಿದ ಪುಟ ಅಂತೀವಿ. ಹೊರಗಿಂದ ನೋಡಿದೋರಿಗೆ ಅದು ಇದೆ ಅಂತಾನೇ ಗೊತ್ತಾಗಲ್ಲ."

"ನಿಮ್ಮ ಹಾಗೆ," ಎಂದ ಅವನು, ನಗದೆ.

'ಹೌದಲ್ಲ...' ಎಂದುಕೊಂಡಳು ಅವಳು. ಆ ದಿನ ಸಂಜೆಯವರೆಗೂ ಹೊಲಿಗೆ ಓರೆಯಾಗುತ್ತಲೇ ಹೋಯಿತು.

*

ನಾಲ್ಕು ತಿಂಗಳು ಕಳೆದು, ಇನ್ನು ಎರಡೇ ಅಧ್ಯಾಯ ಉಳಿದಿದ್ದಾಗ ಅಣ್ಣನಿಗೆ ದಾರ ಬೇಕಾಯಿತು. ಪೆಟ್ಟಿಗೆಯ ತಳಕ್ಕೆ ಕೈ ಹಾಕಿದ.

"ಏನೇ ಇದು?"

ಅವಳು ಬಾಯಿ ತೆರೆಯುವ ಮೊದಲೇ ಉಕ್ಕಿನ ಅಳತೆಪಟ್ಟಿ ಭುಜಕ್ಕೆ ಬಿತ್ತು. ಆಮೇಲೆ ಬೆನ್ನಿಗೆ. ಆಮೇಲೆ ಎಲ್ಲೆಲ್ಲಿಗೋ.

"ಪುಸ್ತಕ ಕೆಡಿಸಿ, ತಪ್ಪನ್ನ ಮುಚ್ಚಿಟ್ಟು, ಆ ಲಿಫ್ಟಿನವನನ್ನ ಕೂರಿಸ್ಕೊಂಡು ಕಥೆ ಕೇಳ್ತಿದ್ದೀಯ? ಎದುರುಮನೆಯವರು ಹೇಳೋವರೆಗೂ ನಾನು ಮುಠ್ಠಾಳ ಆಗಿದ್ದೆ. ನಿಮ್ಮತ್ತಿಗೆ ಓಡಿಹೋದ ಹಾಗೆ ನೀನೂ ಓಡ್ಬೇಕು ಅಂತಾ?"

ಜಡೆ ಹಿಡಿದು ಯಂತ್ರದ ಹತ್ತಿರ ಎಳೆದುಕೊಂಡು ಹೋದ. ಅವಳ ಕಣ್ಣೆದುರೇ ಇಪ್ಪತ್ತೊಂದನೇ ಫಾರಂ ಅಲಗಿನಡಿ ಇಟ್ಟು ಹಿಡಿಕೆ ಜಗ್ಗಿದ. ಒಮ್ಮೆ, ಎರಡು ಸಲ, ಹತ್ತು ಸಲ. ದೋಣಿ, ಹೊಳೆ, ದಡ, ಎಲ್ಲ ಬೆರಳಗಲದ ಚೂರುಗಳಾಗಿ ಅವಳ ಕಾಲ ಬಳಿ ಬಿದ್ದವು.

"ಖಾಲಿ ಹಾಳೆ ಹಾಕಿ ಹೊಲಿದು ಬಿಸಾಕು ಅವನ ಮುಖಕ್ಕೆ. ಇನ್ನೊಂದು ಸಲ ಅವನು ಬಂದ್ರೆ ಈ ಅಲಗಿನಡಿ ಹಾಳೆ ಇರಲ್ಲ, ನಿನ್ನ ಬೆರಳಿರುತ್ತೆ."

ಅವಳು ಖಾಲಿ ಹಾಳೆಯನ್ನೇ ಹೊಲಿದಳು. ಅಣ್ಣ ಪುಟ ತಿರುವಿ ಪರೀಕ್ಷಿಸಿ, ಗುರುವಾರ ತಾನೇ ಬಾಗಿಲಲ್ಲಿ ನಿಂತು ಕೊಟ್ಟ.

"ತಗೋ ನಿನ್ನ ಕೊನೆ. ನಮ್ಮ ಹುಡುಗಿ ಹೇಳಿದ್ಲು, ಅಕ್ಷರ ಬರದವನಿಗೆ ಇಷ್ಟೇ ಸಾಕಂತೆ."

ಲಿಫ್ಟಿನವನು ಪುಸ್ತಕ ಬಿಡಿಸಿದ. ಬಿಳಿ. ಇನ್ನೊಂದು ಪುಟ, ಬಿಳಿ. ಪರದೆಯ ಸಂದಿನಲ್ಲಿ ಅವಳ ಒಂದು ಕಣ್ಣು ಕಂಡಿತು, ಮರುಕ್ಷಣ ಮರೆಯಾಯಿತು.

'ಇಷ್ಟು ದಿನ ಆಡಿಸಿದ್ಲಾ ನನ್ನ? ಬೆರಳಿಟ್ಟು ಓದೋದನ್ನ ನೋಡಿ ಒಳಗೊಳಗೇ ನಗ್ತಿದ್ಲಾ?'

ದಾರಿಯಲ್ಲಿದ್ದ ಕಬ್ಬಿಣದ ಕಸದ ತೊಟ್ಟಿಗೆ ಒದ್ದ. ಅದು ಉರುಳಿ ರಸ್ತೆಯಾಚೆ ಹೋಯಿತು. ಪುಸ್ತಕವನ್ನೂ ಎಸೆಯಲು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಎರಡು ಮೊಣಕೈಗಳು ನೆನಪಾದವು. ಶಪಿಸುತ್ತಾ ಅದನ್ನು ಸಲಕರಣೆಯ ಚೀಲಕ್ಕೆ ತುರುಕಿದ.

*

ಶನಿವಾರ ಮಧ್ಯಾಹ್ನ ಎರಡೂವರೆ. ಒಂಬತ್ತು ಮಹಡಿ ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿ ಅವನಿಗೆ ಬಿಡಿಭಾಗಗಳ ಪಟ್ಟಿ ಬರೆಯಲು ಕಾಗದ ಬೇಕಾಯಿತು. ಹೇಗೂ ಖಾಲಿ ಪುಟವಲ್ಲವೇ... ಪುಸ್ತಕ ತೆಗೆದು ಕೊನೆಯಿಂದ ಒಂದು ಹಾಳೆ ಹರಿಯಲು ಎಳೆದ.

ಹಾಳೆ ಬರಲಿಲ್ಲ. ಅಂಚಿನಲ್ಲಿ ಪಕ್ಕದ ಹಾಳೆಗೆ ಕೂಡಿಕೊಂಡಿತ್ತು.

ಬಾಯಿ ಮುಚ್ಚಿದ ಪುಟ.

ಸ್ಕ್ರೂಡ್ರೈವರ್ ತೂರಿಸಿ ಸೀಳಿದ. ಒಳಗೆ ಪೆನ್ಸಿಲಿನಲ್ಲಿ ಬರೆದ ಅಕ್ಷರಗಳು. ಒಂದೂ ಒತ್ತಕ್ಷರ ಕಷ್ಟವಾಗದಂತೆ, ದಪ್ಪದಪ್ಪಗೆ, ಬಿಡಿಬಿಡಿಯಾಗಿ.

'ಅಚ್ಚಾದ ಕೊನೆಯನ್ನು ಅಣ್ಣ ಕತ್ತರಿಸಿಬಿಟ್ಟ. ನೆನಪಿನಿಂದ ಬರೆದಿದ್ದೇನೆ. ಅದು ಮೊದಲ ಮಡಿಕೆಗಳಲ್ಲಿದೆ. ಇದು ನಮ್ಮ ಕಥೆ. ಶನಿವಾರ ಮೂರು ಗಂಟೆಗೆ ಅಣ್ಣನ ಎದುರೇ ಈ ಬಾಗಿಲು ದಾಟುತ್ತೇನೆ. ಅತ್ತಿಗೆ ಜಾಗ ಕೊಡುತ್ತಾಳೆ. ಅವಳು ಹೇಳದೆ ಹೋದಾಗ ಅವಳೇ ಕೆಟ್ಟವಳಾದಳು. ಅಣ್ಣ ಹೊಡೆಯುವುದನ್ನು ಒಬ್ಬರಾದರೂ ನೋಡಬೇಕು. ನೀವು ಬಾಗಿಲಲ್ಲಿ ನಿಂತರೆ ಸಾಕು. ಕೈ ಎತ್ತಬೇಡಿ.'

ಹನ್ನೊಂದು ತಿಂಗಳಿಂದ ಕಾದಿದ್ದ ಕೊನೆ ಪಕ್ಕದ ಮಡಿಕೆಯಲ್ಲೇ ಇತ್ತು. ಅವನು ಅದನ್ನು ಸೀಳಲಿಲ್ಲ. ಒಂಬತ್ತು ಮಹಡಿಯ ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದ.

*

ಮೂರು ಗಂಟೆಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ಯಾರೂ ಇರಲಿಲ್ಲ. 'ಪುಸ್ತಕ ಎಸೆದುಬಿಟ್ಟನೇನೋ...' ಆದರೂ ಕಾಲು ಮುಂದಿಟ್ಟಳು.

"ಎಲ್ಲಿಗೆ?" ಎಂದ ಅಣ್ಣ.

"ಹೊರಗೆ."

ಕೊಡತಿ ಅವಳ ಪಕ್ಕೆಗೆ ಬಿತ್ತು. ನೆಲಕ್ಕೆ ಬಿದ್ದಳು. ಬಾಯಲ್ಲಿ ರಕ್ತದ ರುಚಿ. ಮೊಣಕೈಗಳು ತಾವಾಗಿ ಮೇಲೇಳಲು ಹವಣಿಸಿದವು. ಅವುಗಳನ್ನು ಕೆಳಗೆ ಒತ್ತಿಹಿಡಿದು ಎದ್ದು ನಿಂತಳು. ಅವಳು ತಲೆ ಮುಚ್ಚಿಕೊಳ್ಳದೆ ನಿಂತದ್ದನ್ನು ಅಣ್ಣ ಕಂಡದ್ದೇ ಇಲ್ಲ. ಅವನ ಕೈ ಒಂದು ಕ್ಷಣ ತಡವರಿಸಿತು.

ಆಗ ಏದುಸಿರು ಬಿಡುತ್ತಾ ಲಿಫ್ಟಿನವನು ಬಾಗಿಲಿಗೆ ಬಂದ.

"ಬಂದ್ನಾ ನಿನ್ನ ವಿದ್ವಾಂಸ," ಎಂದು ಅಣ್ಣ ನುಗ್ಗಿ ಭಾರದ ಮರದ ಬಾಗಿಲನ್ನು ಎಳೆದು ಬಡಿದ.

ಬಾಗಿಲು ಮುಚ್ಚಲಿಲ್ಲ. ನಡುವೆ ಒಂದು ತೋಳು ಇತ್ತು.

ಅಣ್ಣ ಮತ್ತೆ ಬಡಿದ. ಮೂಳೆ ಮುರಿದ ಸದ್ದು ಅವಳಿಗೆ ಒಣಕಡ್ಡಿ ಮುರಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಮತ್ತೊಮ್ಮೆ ಬಡಿದ. ತೋಳು ಕದಲಲಿಲ್ಲ. ಇನ್ನೊಂದು ಕೈ ಚೌಕಟ್ಟನ್ನು ಹಿಡಿದಿತ್ತು. ಬೆರಳಗಿಣ್ಣುಗಳು ಬೆಳ್ಳಗಾಗಿದ್ದವು, ಆದರೆ ಅದು ಮುಷ್ಟಿಯಾಗಲಿಲ್ಲ.

"ಯಜಮಾನ್ರೇ," ಅವನು ಹಲ್ಲು ಕಚ್ಚಿಕೊಂಡೇ ಹೇಳಿದ, "ಮುಚ್ಚೋ ಬಾಗಿಲಿಗೆ ಕೈ ಕೊಡೋದು ನನ್ನ ಕಸುಬು. ಇದಕ್ಕಿಂತ ಗಟ್ಟಿ ಬಾಗಿಲು ನೋಡಿದ್ದೀನಿ."

ಎದುರುಮನೆಯವರು ಹೊರಗೆ ಬಂದಿದ್ದರು. ಬೀದಿ ನೋಡುತ್ತಿತ್ತು. ಅವಳು ಅಣ್ಣನ ಹತ್ತಿರ ಹೋಗಿ ಕೊಡತಿಯನ್ನು ಅವನ ಕೈಯಿಂದ ಬಿಡಿಸಿ ಮೇಜಿನ ಮೇಲೆ, ಅದರ ಜಾಗದಲ್ಲೇ, ಇಟ್ಟಳು.

"ಅಣ್ಣ, ಅವತ್ತು ಇಪ್ಪತ್ತೊಂದು ಹನ್ನೆರಡಾಗಿದ್ದು ನನ್ನ ತಪ್ಪಲ್ಲ. ನನಗೆ ಒಂದೇ ಕಣ್ಣು ಕಾಣ್ತಿತ್ತು."

ಆಮೇಲೆ ಬಾಗಿಲು ನೂಕಿ, ಆ ಮುರಿದ ತೋಳಿನ ಕೆಳಗೆ ತಲೆ ಬಗ್ಗಿಸಿ ಆಚೆ ನಡೆದಳು.

*

ಅತ್ತಿಗೆಯ ಮನೆ ಒಂದೇ ಕೋಣೆಯದು. ಪೊಲೀಸರಿಗೆ ಅವಳು ಹೇಳಿಕೆ ಕೊಟ್ಟಾಗ ಅತ್ತಿಗೆಯೂ ಪಕ್ಕದಲ್ಲಿ ಕೂತು ಮೂರು ವರ್ಷದ ಹಿಂದಿನದನ್ನೆಲ್ಲ ಹೇಳಿದ್ದಳು. ಎದುರುಮನೆಯವರು ಮೊದಲ ಸಲ ಸಾಕ್ಷಿಗೆ ಬಂದರು.

ಮುಂದಿನ ವಾರ ಭಾನುವಾರ ಬೆಳಿಗ್ಗೆ ಲಿಫ್ಟಿನವನು ಪ್ಲಾಸ್ಟರಿನ ತೋಳು ಹೊತ್ತು ಬಂದ. ಅತ್ತಿಗೆ ಇಬ್ಬರನ್ನೂ ನೋಡಿ, "ನಂಗೆ ಅಂಗಡೀಲಿ ಏನೋ ಕೆಲಸ ಇದೆ," ಎಂದು ಖಾಲಿ ಚೀಲ ಹಿಡಿದು ಹೊರಟಳು.

ಅವನು ಪುಸ್ತಕವನ್ನು ಅವಳ ಮುಂದಿಟ್ಟ. ಒಂದೇ ಒಂದು ಮಡಿಕೆ ಸೀಳಿತ್ತು.

"ಇನ್ನೂ ಓದಿಲ್ವಾ?" ಅವಳಿಗೆ ನಂಬಲಾಗಲಿಲ್ಲ. "ಅದಕ್ಕೋಸ್ಕರ ಅಂಟಿನ ಡಬ್ಬಿ ಹಾರಿಸಿದವರು ನೀವು."

"ಒಂದೇ ಕೈ. ಸೀಳೋದು ನಿಮ್ಮ ಕಸುಬು. ಓದೋದು ನಂಗಿರ್ಲಿ."

ಅವಳು ಚೀಲದಿಂದ ಹಾಳೆ ಮಡಚಲು, ಸೀಳಲು ಬಳಸುವ ಮೂಳೆಯ ಪಟ್ಟಿ ತೆಗೆದುಕೊಂಡು ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದ. ದೋಣಿಯವಳು ಕೊನೆಯ ಸಲ ಹುಟ್ಟು ಹಾಕುತ್ತಾಳೆ. ಹೊಳೆ ಉಕ್ಕುತ್ತಿದೆ. ದಡ ಹತ್ತಿರವಾಗುತ್ತದೆ. ಅವಳು ಹುಟ್ಟನ್ನು ನೀರಿಗೆ ಬಿಟ್ಟು, ಸೆರಗು ಎತ್ತಿಕಟ್ಟಿ, ಆಚೆ ದಡಕ್ಕೆ ಕಾಲಿಡುತ್ತಾಳೆ. ಕೆಸರು ಬೆಚ್ಚಗಿದೆ.

ಅವನು ಕೊನೆಯ ಪದದ ಮೇಲಿಂದ ಬೆರಳು ಎತ್ತಲಿಲ್ಲ.

"ಮುಗೀತು," ಎಂದ. "ಒಂದು ಕಥೆ ಪೂರ್ತಿ ಓದಿದೆ ನಾನು."

ಅವಳು ಉಗುರು ಕಚ್ಚುತ್ತಿದ್ದಳು. ಹೇಳದೆ ಇರಬಹುದಿತ್ತು. ಆದರೆ ಈ ಒಬ್ಬನ ಬಳಿ ಇನ್ನು ಯಾವ ಪುಟವೂ ಬಾಯಿ ಮುಚ್ಚಿ ಇರಬಾರದು ಎನ್ನಿಸಿತು.

"ಒಂದು ತಪ್ಪು ಮಾಡಿದ್ದೀನಿ," ಎಂದಳು. "ಅಚ್ಚಾದದ್ದರಲ್ಲಿ ಹೀಗಿರಲಿಲ್ಲ. ಅವಳು ಇಳಿಯಲ್ಲ. ದಡದ ಹತ್ತಿರ ಹೋಗಿ, ದೋಣಿ ತಿರುಗಿಸ್ಕೊಂಡು ವಾಪಸ್ ಬರ್ತಾಳೆ. ಉಳಿದ ಎಲ್ಲ ಪ್ರತಿಯಲ್ಲೂ ಹಾಗೇ ಇದೆ. ನಿಮಗೆ ನಾನು... ಬೇರೆ ಕೊನೆ ಹೊಲಿದುಬಿಟ್ಟೆ."

ಅವನು ಪುಸ್ತಕ ಮುಚ್ಚಿದ. ಮುರಿಯದ ಕೈಯನ್ನು ಅವಳ ಮುಂದೆ, ಅಂಗೈ ಮೇಲಾಗಿ ಬಿಡಿಸಿಟ್ಟ.

"ಹಾಗಾದ್ರೆ ಉಳಿದ ಎಲ್ಲ ಪ್ರತಿಗೂ ತಪ್ಪು ಫಾರಂ ಬಿದ್ದಿದೆ," ಎಂದ.

ಅವಳು ಆ ಅಂಗೈಯನ್ನು ನೋಡಿದಳು. ಮೊಣಕೈಗಳು ಅಲುಗಲಿಲ್ಲ. ಅದರಲ್ಲಿ ತನ್ನ ಕೈ ಇಟ್ಟಳು.

"ಇನ್ನೊಂದು ಪುಸ್ತಕ ತರ್ತೀರಾ? ಈ ಸಲ ಮೊದಲಿನಿಂದ, ಇಬ್ಬರೂ."

"ತರ್ತೀನಿ. ದಪ್ಪದ್ದು ನೋಡಿ ತರ್ತೀನಿ."