ಐದು ನಿಮಿಷದ ಅಲೆ

ಸಮುದ್ರ ನಿಂತುಹೋಗಿದೆ ಎಂದು ದೂರು ಕೊಡಲು ರಾಗಿಣಿ ಗೇಟಿನವರೆಗೆ ನಡೆದುಕೊಂಡು ಬಂದಳು.

ನಗಬೇಡಿ. ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ‘ನೀಲತೀರ’ ರೆಸಾರ್ಟಿನ ಸಮುದ್ರವೇ ಅಂಥದ್ದು. ಲಾರಿಗಟ್ಟಲೆ ಮರಳು ತಂದು ಸುರಿದು, ಕೆರೆಯಷ್ಟು ನೀರು ನಿಲ್ಲಿಸಿ, ದಡದಲ್ಲಿ ತೆಂಗಿನ ಮರ ನೆಟ್ಟು, ಮೆಷಿನ್ನಿನಿಂದ ಅಲೆ ಎಬ್ಬಿಸುತ್ತಿದ್ದರು. ಇನ್ನೂರು ರೂಮು, ಇನ್ನೂರಕ್ಕೂ ‘ಸೀ ವ್ಯೂ’. ಆ ಸಮುದ್ರಕ್ಕೊಂದು ಸ್ವಿಚ್ ಇತ್ತು. ಸೋಮವಾರ ಬೆಳಿಗ್ಗೆ ಯಾರೋ ಅದನ್ನು ಆರಿಸಿಬಿಟ್ಟಿದ್ದರು.

ಗೇಟಿನ ಹೊರಗೆ ಶಾಮಿಯಾನ. ಅದರಡಿ ಎಪ್ಪತ್ತು ಜನ ಕೆಲಸದವರು ಚಾಪೆ ಹಾಸಿಕೊಂಡು ಕೂತಿದ್ದರು. ಪಕ್ಕದಲ್ಲಿ ದೊಡ್ಡ ಸ್ಟೌ ಮೇಲೆ ಚಿತ್ರಾನ್ನದ ಪಾತ್ರೆ.

“ಯಾರ್ರೀ ಇಲ್ಲಿ ಇನ್‌ಚಾರ್ಜು?” ಎಂದಳು ರಾಗಿಣಿ. ಹೈಸ್ಕೂಲ್ ಟೀಚರ್ ದನಿ. ನಾಲ್ಕೈದು ಜನ ಗೊತ್ತಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿ ಕೂತರು.

ಒಬ್ಬ ಎದ್ದು ನಿಂತ. ಎತ್ತರದ ಆಳು, ತೋಳಿನ ತುದಿಯಲ್ಲಿ ಗ್ರೀಸಿನ ಕಲೆ. “ಏನ್ ಬೇಕಿತ್ತು ಮೇಡಂ?”

“ಬಿಸಿನೀರಿಲ್ಲ, ಕಾಫಿ ಇಲ್ಲ, ಫೋನ್ ಎತ್ತೋರಿಲ್ಲ. ಅಲೇನೂ ನಿಂತಿದೆ. ಯಾರು ನಿಲ್ಸಿದ್ದು?”

“ನಾನೇ.”

“ನೀವು ಅಂದ್ರೆ?”

“ಮಹದೇವ್. ಪ್ಲಾಂಟ್ ರೂಮ್. ಅಲೆ, ಬಾಯ್ಲರ್, ಪಂಪು ಮೂರೂ ನಂದೇ.” ಕಣ್ಣಲ್ಲಿ ತುಂಟತನ ಇಣುಕಿತು. “ಸಮುದ್ರ ನಿಲ್ಸಿದಾನೆ ಅಂತ ಕಂಪ್ಲೇಂಟ್ ಕೊಡ್ತೀರಾ? ಸ್ಟೇಷನ್‌ನಲ್ಲಿ ತಗೊಳಲ್ಲ ಮೇಡಂ.”

ರಾಗಿಣಿಗೆ ನಗು ಬಂತು. ಮೂವತ್ತೆರಡು ವರ್ಷದ, ರಾಜಾಜಿನಗರದ, ನಲವತ್ತೆರಡು ಮಕ್ಕಳ ಕ್ಲಾಸ್ ಟೀಚರ್ ನಗಬಾರದ ಜಾಗ ಅದು. ತುಟಿ ಕಚ್ಚಿಕೊಂಡಳು. ಅವನು ಅದನ್ನೂ ನೋಡಿಬಿಟ್ಟ. ಹಾಳಾದವನು!

ಆಮೇಲೆ ಅವನು ಹಿಂದೆ ಕೂತಿದ್ದ ಹೆಂಗಸನ್ನು ತೋರಿಸಿದ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. “ಪಂಕಜಕ್ಕ. ಲಾಂಡ್ರಿಲಿ ಹನ್ನೊಂದು ವರ್ಷ. ರೂಮೆಲ್ಲಾ ಫುಲ್ ಅಂತ, ಬೆಡ್‌ಶೀಟ್ ಇಸ್ತ್ರಿ ಮಾಡೋ ರೋಲರಿಗೆ ಕೈ ಸಿಗದ ಹಾಗೆ ಹಾಕಿರೋ ಗಾರ್ಡ್ ತೆಗ್ಸಿ ಓಡ್ಸಿದ್ರು. ಕೈ ಒಳಕ್ಕೆ ಹೋಯ್ತು. ಆಸ್ಪತ್ರೆಯಿಂದ ಬಂದ್ರೆ, ನಾಳೆಯಿಂದ ಬರಬೇಡ ಅಂದ್ರು. ಅಕ್ಕನ್ನ ವಾಪಸ್ ತಗೊಳೋವರ್ಗೂ ನಮ್ಮಲ್ಲಿ ಒಬ್ರೂ ಒಳಗೆ ಕಾಲಿಡಲ್ಲ, ಒಂದು ಸ್ವಿಚ್ಚೂ ಹಾಕಲ್ಲ. ಆ ಕೈ ಮುಟ್ಟಿ ಆಣೆ ಮಾಡಿದೀವಿ. ಮೊದಲು ಮುಟ್ಟಿದ್ದು ನಾನು.”

ಮಧ್ಯಾಹ್ನದ ಹೊತ್ತಿಗೆ ಉಳಿದ ಗೆಸ್ಟುಗಳೆಲ್ಲ ಕಾರು ಹತ್ತಿ ಖಾಲಿಯಾದರು. ರಾಗಿಣಿ ಹೋಗುವ ಹಾಗಿರಲಿಲ್ಲ. ಮನೆಗೆ ಪೇಂಟು ನಡೆಯುತ್ತಿತ್ತು. ಅಮ್ಮ ಅನಂತಲಕ್ಷ್ಮಿಗೆ ಉಬ್ಬಸ, ಪೇಂಟಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಎದೆ ಸಿಳ್ಳೆ ಹೊಡೆಯುತ್ತಿತ್ತು. ಅದಕ್ಕೇ ಬೇಸಿಗೆ ರಜೆಯಲ್ಲಿ ಹತ್ತು ದಿನಕ್ಕೆ ಇಲ್ಲಿಗೆ ಬಂದಿದ್ದರು. “ಇನ್ನೊಂದ್ ಹೋಟೆಲು, ಇನ್ನೊಂದ್ ಹಾಸಿಗೆ ನನ್ನ ಕೈಲಾಗಲ್ಲ ಕಣೇ,” ಎಂದು ಅಮ್ಮ ಹಠ ಹಿಡಿದರು. ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಇದ್ದರು.

ಮಂಗಳವಾರ ನಸುಕಿನಲ್ಲಿ ಅಮ್ಮನಿಗೆ ಉಸಿರು ಕಟ್ಟಿತು. ರಾಗಿಣಿ ಗೇಟಿಗೆ ಓಡಿದಳು. “ಬಾಯ್ಲರ್ ಹಾಕಿ, ಹಬೆ ಕೊಡ್ಬೇಕು, ಪ್ಲೀಸ್!”

ಎಲ್ಲರೂ ಮಹದೇವನನ್ನೇ ನೋಡಿದರು. ಅವನು ನೆಲ ನೋಡುತ್ತಾ, “ಸಾರಿ ಮೇಡಂ. ಆಗಲ್ಲ,” ಎಂದ.

“ಮನುಷ್ಯರೇನ್ರೀ ನೀವು?” ಎಂದು ಕೂಗಿ ರಾಗಿಣಿ ಅಳುತ್ತಾ ವಾಪಸ್ಸು ಬಂದಳು.

ಅರ್ಧ ಗಂಟೆಯೊಳಗೆ ಹಿಂದಿನ ವರಾಂಡದ ಬಾಗಿಲು ಸದ್ದಾಯಿತು. ಲಾಂಡ್ರಿ ಕಡೆಯ ಗೇಟಿನಿಂದ ಮಹದೇವ ನುಸುಳಿ ಬಂದಿದ್ದ. ಕೈಯಲ್ಲಿ ಹಳೆಯ ಕೆಂಪು ಫ್ಲಾಸ್ಕು.

“ಬಾಯ್ಲರ್ ಹಾಕಲ್ಲ ಅಂದಿದ್ದು. ಬಿಸಿನೀರು ತರಲ್ಲ ಅಂದ್ನಾ?”

ಅಂದಿನಿಂದ ದಿನವೂ ಬೆಳಿಗ್ಗೆ ಐದೂವರೆಗೆ ಬರುತ್ತಿದ್ದ. ಅಮ್ಮ ಒಳಗೆ ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುವಾಗ, ಇವಳು ಮೆಟ್ಟಿಲ ಮೇಲೆ, ಅವನು ಕೆಳಗೆ ಮರಳಿನ ಮೇಲೆ. ಬುಧವಾರ ಅವನ ದೃಷ್ಟಿ ಅವಳ ಬಿಚ್ಚಿದ ಜಡೆಯ ಮೇಲೆ ಬಿತ್ತು, ಬಿದ್ದ ಕೂಡಲೇ ಓಡಿಹೋಯಿತು. ಗುರುವಾರ ಬಿತ್ತು, ಓಡಲಿಲ್ಲ. ರಾಗಿಣಿ ಜಡೆ ಕಟ್ಟುವ ನೆಪದಲ್ಲಿ ಕೈ ಎತ್ತಿದವಳು, ಕಟ್ಟದೆ ಸುಮ್ಮನೆ ಬಿಟ್ಟಳು.

“ಟೀಚರ್, ನಂಗೆಷ್ಟು ಮಾರ್ಕ್ಸು?”

“ಹಾಜರಾತಿ ಚೆನ್ನಾಗಿದೆ. ನಡತೆ ಮೇಲೆ ಅನುಮಾನ.”

“ಪ್ರೋಗ್ರೆಸ್ ಕಾರ್ಡಲ್ಲಿ ಹಂಗೇ ಬರೀತೀರಾ?”

“ನಾನು ಬೇರೆ ಟೀಚರ್‌ಗಳ ಥರ ‘ಗುಡ್’ ಅಂತ ಒಂದು ಪದ ಗೀಚಲ್ಲ. ಯಾವತ್ತು ಏನು ಮಾಡ್ದ, ದಿನಾಂಕದ ಸಮೇತ ಪೂರ್ತಿ ಬರೀತೀನಿ. ನಲವತ್ತೆರಡು ಮಕ್ಕಳಿಗೂ.”

“ಅಯ್ಯಪ್ಪಾ, ಆ ಮಕ್ಕಳ ಗತಿ!” ಎಂದು ಅವನು ನಕ್ಕ. ಅವಳೂ ನಕ್ಕಳು. ಆ ನಗುವಿಗೆ ಎರಡೇ ದಿನ ಆಯುಸ್ಸು ಉಳಿದಿತ್ತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಅವಳು ಆ ನಿಂತ ಹಸಿರು ನೀರು ನೋಡುತ್ತಾ ಹೇಳಿದಳು: “ನಾನು ನಿಜವಾದ ಸಮುದ್ರ ನೋಡೇ ಇಲ್ಲ, ಗೊತ್ತಾ? ಸ್ಕೂಲ್ ಟೂರಲ್ಲಿ ಬರೀ ಬೇಲೂರು, ಹಂಪಿ. ಆಮೇಲೆ ಅಮ್ಮನ ಉಬ್ಬಸ. ಇದಾದ್ರೂ ನೋಡೋಣ ಅಂತ ಬಂದ್ರೆ, ನೀವು ನಿಲ್ಸಿಬಿಟ್ರಿ.”

ಸುಮ್ಮನೆ ಹೇಳಿದ್ದು. ಕೇಳಿದ್ದಲ್ಲ. ಅವನು ಮಾತ್ರ ತುಂಬ ಹೊತ್ತು ಪ್ಲಾಂಟ್ ರೂಮಿನ ಕಡೆ ನೋಡಿದ. ಆಮೇಲೆ ಶಾಮಿಯಾನ ಇದ್ದ ದಿಕ್ಕಿಗೆ ನೋಡಿದ.

“ಐದೇ ನಿಮಿಷ,” ಎಂದು ಎದ್ದು ಹೋದ.

ನೀರು ಮೊದಲು ನಡುಗಿತು. ಆಮೇಲೆ ಆ ತುದಿಯಿಂದ ಒಂದು ಗೆರೆ ಎದ್ದು, ಉಬ್ಬಿ, ಬೆಳಗಿನ ಕೆಂಪನ್ನು ಬೆನ್ನ ಮೇಲೆ ಹೊತ್ತು ಬಂದು ಅವಳ ಪಾದದ ಮೇಲೆ ಮುರಿದುಬಿತ್ತು. ಇನ್ನೊಂದು. ಮತ್ತೊಂದು. ರಾಗಿಣಿ ಸೀರೆ ನೆರಿಗೆ ಎತ್ತಿ ಹಿಡಿದು ಚಿಕ್ಕ ಹುಡುಗಿಯಂತೆ ಕಿರುಚಿದಳು. ಅವನು ಪ್ಯಾಂಟು ಮಡಚಿಕೊಂಡು ಪಕ್ಕದಲ್ಲಿ ಬಂದು ನಿಂತ. ಅವನ ಕಿರುಬೆರಳು ಅವಳ ಕಿರುಬೆರಳಿಗೆ ತಾಗಿತು. ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಸಾಕಾ?”

“ಸಾಲ್ದು.”

“ನಾಳೆ ಸಂಜೆ ಪಂಕಜಕ್ಕಂಗೆ ಎಲ್ಲಾ ಹೇಳ್ಬಿಡ್ತೀನಿ. ಅಲೆ ಹಾಕಿದ್ದೂ, ನಿಮ್ ವಿಷಯಾನೂ. ಬೈತಾಳೆ. ಬೈಸ್ಕೊಂಡು ಬಂದು ನಿಮ್ಮಮ್ಮನ ಹತ್ರ ಮಾತಾಡ್ತೀನಿ, ಆಗ್ಬಹುದಾ?”

ರಾಗಿಣಿ ತಲೆ ಆಡಿಸಿದಳು. ಅಷ್ಟು ಸಂತೋಷ ಆ ಜೀವಕ್ಕೆ ಹಿಂದೆಂದೂ ಆಗಿರಲಿಲ್ಲ.

ಅಂದು ಮಧ್ಯಾಹ್ನ ಮ್ಯಾನೇಜರ್ ಗೋಪೀನಾಥ ಹಣ್ಣಿನ ಬುಟ್ಟಿ ಹಿಡಿದು ಬಂದ. ನಯವಾದ ಮನುಷ್ಯ, ಮಾತಿಗೊಮ್ಮೆ ‘ಅಮ್ಮಾ’. ಬೆಳಿಗ್ಗೆ ಮಹದೇವ ಮರೆತು ಬಿಟ್ಟುಹೋಗಿದ್ದ, ಟೇಬಲ್ ಮೇಲಿನ ಫ್ಲಾಸ್ಕನ್ನು ಒಂದು ಕ್ಷಣ ನೋಡಿದ, ಏನೂ ಕೇಳಲಿಲ್ಲ.

“ನಿಮಗೆ ಹೇಳ್ಬಾರದು ಅಮ್ಮಾ, ಆದ್ರೂ ಹೊಟ್ಟೆ ಉರಿಯುತ್ತೆ. ಸೋಮವಾರ ಹದಿನೈದು ಜನರನ್ನ ತೆಗೀತಾರೆ. ಮೊದಲನೇ ಹೆಸರು ಮಹದೇವ್. ಒಳ್ಳೇ ಹುಡುಗ, ಏನ್ ಮಾಡ್ಲಿ ಅಮ್ಮಾ? ಯಾರಾದ್ರೂ ಗೆಸ್ಟು ಅವನ ಬಗ್ಗೆ ಫೀಡ್‌ಬ್ಯಾಕ್ ಕಾರ್ಡಲ್ಲಿ ಒಂದು ಒಳ್ಳೇ ಮಾತು ಬರೆದ್ರೆ, ಅದನ್ನ ಹಿಡ್ಕೊಂಡು ಮೇಲಿನವರ ಹತ್ರ ಜಗಳ ಆಡ್ಬಹುದು. ನಮ್ಮಲ್ಲೇ ಇರುತ್ತೆ, ಹೊರಗೆ ಹೋಗಲ್ಲ.”

ಮಕ್ಕಳ ಸುಳ್ಳನ್ನು ಕಣ್ಣು ನೋಡಿಯೇ ಹಿಡಿಯುವ ಟೀಚರು, ಈ ಕೋಟು ಹಾಕಿದ ಸುಳ್ಳಿನ ಮುಂದೆ ಪೆನ್ನು ತೆಗೆದಳು. ಮಹದೇವನನ್ನು ಒಂದು ಮಾತು ಕೇಳಿ ಬರೆಯಬಹುದಿತ್ತು. ಕೇಳಲಿಲ್ಲ, ಆಶ್ಚರ್ಯವಾಗಲಿ ಅವನಿಗೆ ಅಂದುಕೊಂಡಳು. ಒಂದೇ ಸಾಲು ಬರೆದಿದ್ದರೂ ಆಗುತ್ತಿತ್ತು. ಆದರೆ ಅರ್ಧ ಬರೆದು ಅಭ್ಯಾಸವೇ ಇಲ್ಲವಲ್ಲ! ಎರಡೂ ಬದಿ ತುಂಬಿಸಿದಳು, ದಿನಾಂಕದ ಸಮೇತ.

ಶನಿವಾರ ಐದೂವರೆಗೆ ಬಾಗಿಲು ಸದ್ದಾಗಲಿಲ್ಲ. ಏಳಕ್ಕೆ ಗೇಟಿನ ಕಡೆಯಿಂದ ಗಲಾಟೆ ಕೇಳಿಸಿತು. ರಾಗಿಣಿ ಹೋದಳು.

ಗೇಟಿನ ಮೇಲೆ, ಶಾಮಿಯಾನಕ್ಕೆ ಎದುರಾಗಿ, ಒಂದು ಫ್ಲೆಕ್ಸು. ಬಡಾವಣೆಯ ಲೀಡರುಗಳ ಹುಟ್ಟುಹಬ್ಬಕ್ಕೆ ಕಟ್ಟುತ್ತಾರಲ್ಲ, ಅಷ್ಟೇ ದೊಡ್ಡದು. ಸುತ್ತಲೂ ಹೂವಿನ ಬಾರ್ಡರು, ನಡುವೆ ಐಡಿ ಕಾರ್ಡಿನಿಂದ ತೆಗೆದ ಮಹದೇವನ ಮುಖ. ‘ಮುಷ್ಕರದಲ್ಲೂ ಕರ್ತವ್ಯ ಮರೆಯದ ನಮ್ಮ ಹೆಮ್ಮೆಯ ಸಿಬ್ಬಂದಿ!’ ಅದರ ಕೆಳಗೆ ರಾಗಿಣಿಯ ದುಂಡು ಅಕ್ಷರ, ಮೊಳದುದ್ದ:

‘ಮಂಗಳವಾರದಿಂದ ಶುಕ್ರವಾರದವರೆಗೆ, ಪ್ರತಿದಿನ ಬೆಳಿಗ್ಗೆ ಐದೂವರೆಗೆ ಸರಿಯಾಗಿ, ಲಾಂಡ್ರಿ ಗೇಟಿನ ಮೂಲಕ ಬಂದು ಸೇವೆ ಸಲ್ಲಿಸಿದರು. ಶುಕ್ರವಾರ ನನ್ನ ಆಸೆಯಂತೆ ಅಲೆಯ ಯಂತ್ರವನ್ನೂ ಚಾಲನೆ ಮಾಡಿದರು.’

ಕೆಳಗೆ ಅವಳ ಸಹಿ.

“ಅಕ್ಕನ ಕೈ ಮುಟ್ಟಿ ಮೊದಲು ಆಣೆ ಮಾಡಿದ್ದು ನೀನೇ ಅಲ್ವೇನೋ ಮಗಾ?” ಸ್ಟೀವರ್ಡ್ ಹನುಮೇಶ ಮಹದೇವನ ಕಾಲರ್ ಹಿಡಿದಿದ್ದ. “ನನ್ನ ಮಗೂಗೆ ಜ್ವರ ಬಂದು ಮನೆಗೆ ಹೋಗಿ ಬರ್ತೀನಿ ಅಂದ್ರೆ ಬಿಡ್ಲಿಲ್ಲ ನೀನು. ಶಾಮಿಯಾನ ಖಾಲಿ ಕಾಣ್ಬಾರ್ದು ಅಂದೆ. ನೀನು ಒಳಗೆ ಅಲೆ ಹಾಕ್ತಿದ್ಯಾ?”

ಪಂಕಜಕ್ಕ ಚಾಪೆಯಿಂದ ಅರ್ಧ ಎದ್ದವಳು, ಫ್ಲೆಕ್ಸನ್ನು ಕೊನೆಯವರೆಗೆ ಓದಿ, ಮತ್ತೆ ಕೂತುಬಿಟ್ಟಳು.

ರಾಗಿಣಿ ಜನರನ್ನು ತಳ್ಳಿಕೊಂಡು ನುಗ್ಗಿದಳು. “ಬಿಡ್ರೀ ಅವರನ್ನ! ನಮ್ಮಮ್ಮನಿಗೋಸ್ಕರ ಬಂದಿದ್ದು! ನನಗೋಸ್ಕರ!”

“ಓಹೋ, ನಿಮಗೋಸ್ಕರ!” ಎಂದು ಯಾರೋ ಕೂಗಿದರು. ನಗು ಎದ್ದಿತು. ಎಪ್ಪತ್ತು ಜನರ ಆ ನಗು ಚರ್ಮ ಸುಲಿಯುವ ಹಾಗಿತ್ತು.

“ಹೌದು, ನನಗೋಸ್ಕರ!” ಅವಳಿಗೆ ಮಾನ ಮರ್ಯಾದೆ ಯಾವುದೂ ಬೇಡವಾಗಿತ್ತು. “ಮಹದೇವ್, ನಿಮ್ಮ ಕೆಲಸ ಉಳೀಲಿ ಅಂತ ಬರೆದೆ. ನಾನು ನಿಮ್ಮನ್ನ ಪ್ರೀತಿಸ್ತೀನಿ. ದೇವರಾಣೆ!”

ಹನುಮೇಶ ಕಾಲರ್ ಬಿಟ್ಟ. ಮಹದೇವ ಅಂಗಿ ಸರಿಮಾಡಿಕೊಂಡು, ಮೊದಲ ಸಲ ಅವಳ ಕಡೆ ತಿರುಗಿದ. ಆ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

“ಅದೊಂದನ್ನ ಬಿಟ್ಟು ಎಲ್ಲಾ ಬರ್ದಿದೀರ ಮೇಡಂ,” ಎಂದ. “ಬರೀಬೇಕಾಗಿದ್ದಿದ್ದು ಅದೊಂದೇ.”

ಚಾಪೆಯ ಹತ್ತಿರ ಹೋಗಿ ಪಂಕಜಕ್ಕನ ಕಾಲು ಮುಟ್ಟಲು ಬಗ್ಗಿದ. ಅವಳು ಕಾಲು ಮಡಚಿಕೊಂಡಳು. ಅವನು ಎದ್ದು, ಕೆಂಗೇರಿ ಕಡೆಗೆ ನಡೆದುಕೊಂಡು ಹೋದ. ರಾಗಿಣಿ ರಸ್ತೆ ತಿರುವಿನವರೆಗೂ ಹೆಸರು ಹಿಡಿದು ಕೂಗಿದಳು. ತಿರುಗಿ ನೋಡಲಿಲ್ಲ.

ಮುಂದಿನದ್ದೆಲ್ಲ ಗೋಪೀನಾಥ ಲೆಕ್ಕ ಹಾಕಿದ ಹಾಗೇ ಆಯಿತು. ಲೀಡರೇ ಹೀಗಾದ ಮೇಲೆ ಯಾರನ್ನು ನಂಬುವುದು? ಒಬ್ಬರ ಮುಖ ಒಬ್ಬರು ನೋಡದೆ, ಸಂಜೆಯೊಳಗೆ ಎಲ್ಲರೂ ಅವನು ಕೊಟ್ಟ ಕಾಗದಕ್ಕೆ ಸಹಿ ಹಾಕಿ ಒಳಗೆ ಬಂದರು. ಆ ಕಾಗದದಲ್ಲಿ ಪಂಕಜಕ್ಕನ ಹೆಸರಿರಲಿಲ್ಲ. ಮಹದೇವನ ಹೆಸರಿತ್ತು, ಬಡ್ತಿಯ ಸಮೇತ. ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ.

ಭಾನುವಾರ ರಾಗಿಣಿ ರೂಮು ಬಿಟ್ಟಳು. ಅಲೆಗಳು ಭೋರ್ಗರೆಯುತ್ತಿದ್ದವು, ಬಾಗಿಲಿಗೇ ಬಿಸಿ ಕಾಫಿ ಬಂದಿತ್ತು. “ಎಷ್ಟ್ ಚೆನ್ನಾಗಿದೆ ನೋಡೇ ಈಗ! ಮುಂದಿನ ರಜೆಗೂ ಇಲ್ಲಿಗೇ ಬರೋಣ,” ಎಂದು ಅಮ್ಮ ಕ್ಯಾಬಿನಲ್ಲಿ ಕೂತರು.

ಗೇಟಿನ ಹೊರಗೆ ಶಾಮಿಯಾನ ಬಿಚ್ಚುತ್ತಿದ್ದರು. ಪಂಕಜಕ್ಕ ಒಂದೇ ಕೈಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರಾಗಿಣಿ ಕ್ಯಾಬ್ ನಿಲ್ಲಿಸಿ ಇಳಿದಳು. ಅವಳ ಹತ್ತಿರ ಹೋದಳು.

“ಫ್ಲಾಸ್ಕ್ ತಂದಿದೀರಾ?” ಎಂದಳು ಪಂಕಜಕ್ಕ. “ಅದು ನಂದು.”

“ನಿಮಗೆ ಗೊತ್ತಿತ್ತಾ?”

“ದಿನಾ ನೀರು ಕಾಯ್ಸಿ ಕೊಡ್ತಿದ್ದಿದ್ದೇ ನಾನು. ಉಸಿರಿಗೆ ಒದ್ದಾಡ್ತಿದಾರೆ ಅಂದ. ಯಾರಿಗೂ ಹೇಳ್ಬೇಡ, ಹೋಗ್ಬಾ ಅಂತ ಕಳ್ಸಿದೆ. ನಿನ್ನೆ ನನ್ನ ಹೆಸರು ಹೇಳಿದ್ರೆ ಬಚಾವಾಗ್ತಿದ್ದ. ಹೇಳ್ಲಿಲ್ಲ.”

“ನೀವಾದ್ರೂ ಹೇಳ್ಬಹುದಿತ್ತಲ್ಲಕ್ಕ!” ರಾಗಿಣಿ ಬಿಕ್ಕಿದಳು.

“ಹೇಳೋಣ ಅಂತಾನೇ ಎದ್ದೆ ಮೇಡಂ. ಅಷ್ಟರಲ್ಲಿ ನೀವು ಬರ್ದಿದ್ದ ಕೊನೇ ಸಾಲು ಓದ್ದೆ.” ಪಂಕಜಕ್ಕ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಳು. “ನೀರಿನ ವಿಷಯ ನಂಗೊತ್ತಿತ್ತು. ಅಲೆ ವಿಷಯ ಗೊತ್ತಿರ್ಲಿಲ್ಲ.”

ಕ್ಯಾಬಿನವನು ಹಾರ್ನ್ ಹೊಡೆದ. ರಾಗಿಣಿ ಚೀಲದಿಂದ ಫ್ಲಾಸ್ಕು ತೆಗೆದುಕೊಟ್ಟಳು. ಪಂಕಜಕ್ಕ ಅದನ್ನು ಕಂಕುಳಲ್ಲಿ ಒತ್ತಿ ಹಿಡಿದು ಮುಚ್ಚಳ ತಿರುಗಿಸಲು ನೋಡಿದಳು, ಆಗಲಿಲ್ಲ. ಮತ್ತೆ ರಾಗಿಣಿಯ ಮುಂದೆ ಹಿಡಿದಳು.

“ಸ್ವಲ್ಪ ಬಿಗಿ ಮಾಡಿ ಕೊಡಿ. ಒಂದು ಕೈಲಿ ಆಗಲ್ಲ. ದಿನಾ ಅವನೇ ಮಾಡ್ತಿದ್ದ.”

ರಾಗಿಣಿ ಮುಚ್ಚಳ ಬಿಗಿ ಮಾಡಿ ಕೊಟ್ಟಳು.