ಮೊದಲು ಉಸಿರು, ಆಮೇಲೆ ಮಾತು

ಮೊದಲು ಕೇಳಿಸಿದ್ದು ಉಸಿರು.

ಮುಚ್ಚಿದ ಬಾಗಿಲಿನ ಆಚೆಯಿಂದ, ಮೆಟ್ಟಿಲು ಹತ್ತಿ ಬಂದವರು ಬಿಡುವಂಥ ಉದ್ದನೆಯ ಉಸಿರು. ನಡುಮನೆಯಲ್ಲಿದ್ದ ನಾವೆಲ್ಲ ಮಾತು ನಿಲ್ಲಿಸಿದೆವು. ಆಮೇಲೆ ಹೆಂಗಸಿನ ದನಿ—

“ಅಮ್ಮ... ಕಾಲು ಮತ್ತೆ ಊದಿದ್ಯಾ? ದಿಂಬಿನ ಮೇಲೆ ಇಟ್ಕೋ.”

ಸೋಫಾದ ಮೇಲೆ ಕೂತಿದ್ದ ಆ ಮನೆಯ ತಾಯಿ ದಿಂಬು ಎಳೆದುಕೊಂಡು ಕಾಲು ಮೇಲಿಟ್ಟರು. “ಇಟ್ಟೆ ಕಣೇ,” ಎಂದರು ಬಾಗಿಲಿನ ಕಡೆ ನೋಡಿ.

ಆ ದನಿಯ ಒಡತಿ, ಅವರ ಹಿರಿಮಗಳು, ಸತ್ತು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಅತ್ತಿಗೆ ಎದ್ದು ಬಾಗಿಲು ತಳ್ಳಿದರು. ಒಳಗೆ ಯಾರೂ ಇಲ್ಲ. ಗೋಡೆಗೆಲ್ಲ ಹಳೆಯ ಕಂಬಳಿ ಬಡಿದ ಸಣ್ಣ ಕೋಣೆ. ಮೇಜಿನ ಮೇಲೆ ಮೈಕು, ಎರಡು ಪುಟ್ಟ ಸ್ಪೀಕರು, ಬೋರಲು ಹಾಕಿದ ನೀರಿನ ಲೋಟ, ಮುಚ್ಚಿದ ಲ್ಯಾಪ್‌ಟಾಪು. ಕಿಟಕಿಗೆ ಒಳಗಿನಿಂದ ಚಿಲಕ. ಅತ್ತಿಗೆ ಲ್ಯಾಪ್‌ಟಾಪಿನ ಬೆನ್ನ ಮೇಲೆ ಅಂಗೈ ಇಟ್ಟರು.

“ಮುಟ್ಟಿ ನೋಡು,” ಎಂದರು ನನಗೆ.

ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯ ಹಾಗೆ. ನಾನು ಥಟ್ಟನೆ ಕೈ ತೆಗೆದುಬಿಟ್ಟೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಪೊಲೀಸ್ ತನಿಖಾ ವಿಭಾಗದಿಂದ ನಿವೃತ್ತರಾದವರು. ಅಣ್ಣ ಹೋದ ಮೇಲೆ ನಮ್ಮಿಬ್ಬರದೇ ಸಂಸಾರ. “ನಾದಿನಿ ಜೊತೆ ಬಾಳೋದಕ್ಕಿಂತ ಕಳ್ಳರ ಜೊತೆ ಬಾಳೋದು ಸಲೀಸು,” ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ನಮ್ಮನ್ನು ಕರೆಸಿದವರು ಸತ್ತವಳ ಗಂಡ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು. ಮನೆಯವರಿಗೂ ಬೀದಿಯವರಿಗೂ ಅವರು ‘ಮೇಷ್ಟ್ರು’.

“ಯಾರ ಹತ್ತಿರ ದೂರು ಕೊಡಲಿ ಮೇಡಂ?” ಎಂದಿದ್ದರು ಮೊದಲ ದಿನ. “ಸತ್ತ ಹೆಂಡತಿ ಮಾತಾಡ್ತಾಳೆ ಅಂದ್ರೆ ನನ್ನನ್ನೇ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ.”

ಅವಳು ಕಥೆ ಪುಸ್ತಕಗಳಿಗೆ ದನಿ ಕೊಡುತ್ತಿದ್ದವಳು. ಆ ಕಂಬಳಿಯ ಕೋಣೆಯಲ್ಲಿ ಕೂತು ಓದಿ, ರೆಕಾರ್ಡು ಮಾಡಿ ಸ್ಟುಡಿಯೋಗೆ ಕಳಿಸುತ್ತಿದ್ದಳು. ಕ್ಯಾನ್ಸರ್ ಬಂತು, ಹೋದಳು. ಕೋಣೆಯಲ್ಲಿ ಒಂದು ಕಡ್ಡಿಯೂ ಕದಲಬಾರದೆಂದು ತಾಯಿಯ ಹಟ. ಅವರ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗದಿದ್ದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದರೂ ಬೇಡ ಎಂದೇ ಕೂತಿದ್ದರು. ಒಂದು ಮಧ್ಯಾಹ್ನ ಬಾಗಿಲ ಆಚೆಯಿಂದ ದನಿ ಬಂತು: ‘ಅಮ್ಮ, ಆಪರೇಷನ್ ಮಾಡಿಸ್ಕೋ.’ ಮರುಮಾತಿಲ್ಲದೆ ಒಪ್ಪಿಕೊಂಡರು. ನಾಡಿದ್ದು ಆಸ್ಪತ್ರೆಗೆ ಸೇರಬೇಕು.

“ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಷ್ಟ್ರೇ?” ಎಂದರು ಅತ್ತಿಗೆ.

“ಒಳ್ಳೇದಾ? ನನ್ನ ಹೆಂಡತಿ ಸಾಯೋ ಮುಂಚೆ ಕೇಳಿದ್ದು ಒಂದೇ ಮೇಡಂ. ‘ನನ್ನ ದನಿ ನನ್ನ ಜೊತೆಗೇ ಮುಗೀಲಿ, ಯಾರೂ ನಕಲು ಮಾಡಬಾರದು’ ಅಂತ. ನಾನು ಮಾತು ಕೊಟ್ಟಿದ್ದೆ.” ಅವರ ಕನ್ನಡಕ ಮಂಜಾಯಿತು. “ಈಗ ದಿನಾ ಕಾಲೇಜಿಂದ ಬಂದು ಬೀಗ ತೆಗೆಯೋಕೆ ಮುಂಚೆ ಬಾಗಿಲಿಗೆ ಕಿವಿ ಇಡ್ತೀನಿ. ಮಾತಾಡಿದ್ರೆ ಭಯ. ಮಾತಾಡದಿದ್ರೆ... ಅದಕ್ಕಿಂತ ಭಯ.”

ತಾಯಿಯ ಪಕ್ಕ ಅತ್ತಿಗೆ ಕೂತರು.

“ಅಮ್ಮ, ದನಿ ಬರೋ ಮುಂಚೆ ಏನಾದರೂ ಕೇಳಿಸುತ್ತಾ?”

“ಉಸಿರು ತಗೋತಾಳೆ. ನೀವೇ ಕೇಳಿದ್ರಲ್ಲ.”

“ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾಳಾ?”

ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿದರು. “ಒಂದಕ್ಕೆ ಕೊಟ್ಟಿಲ್ಲ. ‘ಆಸ್ಪತ್ರೆಗೆ ನೀನೂ ಬರ್ತೀಯೇನೇ?’ ಅಂತ ಕೇಳ್ತಾನೇ ಇದೀನಿ. ಸುಮ್ಮನಿರ್ತಾಳೆ.”

ಒಗೆದ ಬಟ್ಟೆಯ ರಾಶಿಯ ಹಿಂದೆ ಕೂತಿದ್ದ ಕಿರಿಮಗಳು ತಲೆ ಎತ್ತಲಿಲ್ಲ. ಮದುವೆ ಆಗದವಳು, ನಲವತ್ತು ದಾಟಿದೆ. ಆದರೂ ಮನೆಯಲ್ಲಿ ‘ಪುಟ್ಟಿ’. ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನಲ್ಲಿ ಕೆಲಸ. ತಾಯಿಗಾಗಿ ರಜೆ ಹಾಕಿದ್ದಳು. ದನಿ ಬಂದಾಗ ಅವಳು ನಮ್ಮ ಕಣ್ಣೆದುರೇ ಇದ್ದಳು. ಒಂದು ಕೈಯಲ್ಲಿ ರವಿಕೆ, ಮಡಿಲಲ್ಲಿ ಫೋನು.

ಮೇಷ್ಟ್ರು ಲ್ಯಾಪ್‌ಟಾಪನ್ನು ವೈರಿನಿಂದ ಬಿಡಿಸಿ ಊಟದ ಮೇಜಿಗೆ ತಂದರು. ತೆರೆದುಕೊಳ್ಳಲು ಒಂದು ಯುಗ ಹಿಡಿಯಿತು.

“ಫೋಟೋ ಹುಡುಕೋಣ ಅಂತ ಒಮ್ಮೆ ಹೀಗೇ ತಂದು ಕೂತಿದ್ದೆ. ಬಸವನಹುಳು! ಕೆಟ್ಟೇ ಹೋಗಿದೆ.”

ನನಗೆ ಈ ಯಂತ್ರಗಳ ಪರಿಚಯ ಅಷ್ಟಿಷ್ಟುಂಟು. ಪ್ರೊಸೆಸರಿನ ವೇಗ ತೋರಿಸುವ ಕಿಟಕಿ ತೆರೆದೆ. ಎರಡೂವರೆ ಗಿಗಾಹರ್ಟ್ಸಿನ ಮೇಲೆ ಓಡಬೇಕಾದದ್ದು ಒಂದನ್ನೂ ಮುಟ್ಟದೆ ತೆವಳುತ್ತಿತ್ತು. ಅತ್ತಿತ್ತ ಏನು ಒತ್ತಿದರೂ ಅಂಕಿ ಮೇಲೇಳಲಿಲ್ಲ. ಫ್ಯಾನಿನ ಸದ್ದೂ ಇಲ್ಲ.

“ಹೀಗೆ ತೆವಳೋದು ಸತ್ತವರ ದನಿ ತರುತ್ತಾ?” ಎಂದು ಅತ್ತಿಗೆ ಕಿವಿಯಲ್ಲಿ ಕೇಳಿದರು.

“ಸಾಧ್ಯವೇ ಇಲ್ಲ. ದನಿ ನಕಲು ಮಾಡೋಕೆ ಯಂತ್ರ ಕುದುರೆ ಥರ ಓಡಬೇಕು.”

“ಹಾಗಾದ್ರೆ ಬೆಚ್ಚಗಾಗಿದ್ದು ಯಾಕೆ?”

ನಾನು ಮತ್ತೆ ಅದರ ಬೆನ್ನ ಮೇಲೆ ಕೈ ಇಟ್ಟೆ. ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ.

ಅಡುಗೆಮನೆಯಲ್ಲಿ ಪುಟ್ಟಿ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

“ಅಕ್ಕನ ಲ್ಯಾಪ್‌ಟಾಪ್ ನೀವು ಬಳಸ್ತೀರಾ?” ಅತ್ತಿಗೆ ಕೇಳಿದರು.

“ಅವಳಿದ್ದಾಗ ಮುಟ್ಟೋಕೆ ಬಿಡ್ತಿರಲಿಲ್ಲ. ಹೋದಮೇಲೆ ನನಗೇ ಮನಸ್ಸಾಗಲಿಲ್ಲ.”

“ಇಬ್ಬರಲ್ಲಿ ಅಮ್ಮನಿಗೆ ಯಾರು ಹೆಚ್ಚು?”

ಅವಳು ನಕ್ಕಳು. “ಅದೇನು ಪ್ರಶ್ನೆ ಮೇಡಂ? ಅಕ್ಕ ಫೋನಲ್ಲಿ ‘ಹಲೋ’ ಅಂದ್ರೂ ಅಮ್ಮನಿಗೆ ಹಾಡು. ನಾನು ಕೂಗಿದ್ರೆ ‘ಆ ಟೀವಿ ಸಣ್ಣ ಮಾಡು’ ಅಂತಾಳೆ.”

“ಅಕ್ಕನ ದನಿ ಯಾರಿಗಾದರೂ ಬೇಕಿತ್ತಾ?”

“ಸ್ಟುಡಿಯೋದವರಿಗೆ. ಅರ್ಧ ಓದಿದ ಪುಸ್ತಕ ಇತ್ತು. ಉಳಿದದ್ದನ್ನ ಯಂತ್ರದಿಂದ ಓದಿಸ್ತೀನಿ ಅಂತ ಭಾವನ ದುಂಬಾಲು ಬಿದ್ದಿದ್ರು. ಭಾವ ಬೈದು ಕಳಿಸಿದ್ರು.”

ಅತ್ತಿಗೆ ತಲೆಯಾಡಿಸಿದರು. “ಲ್ಯಾಪ್‌ಟಾಪ್ ಒಮ್ಮೆ ಅವರಿಗೇ ತೋರಿಸ್ತೀನಿ. ಆದ್ರೆ ಈ ಬಸವನಹುಳು ತೆವಳೋದರಲ್ಲಿ ನಮಗೆ ಅಲ್ಲೇ ಸಂಜೆ ಆಗುತ್ತೆ.”

“ಅಯ್ಯೋ, ವೈರ್ ತಗೊಂಡು ಹೋಗಿ ಮೇಡಂ. ಹಾಕ್ಕೊಂಡ್ರೆ ಸಲೀಸಾಗಿ ಓಡುತ್ತೆ.” ಅವಳೇ ಹೋಗಿ ಚಾರ್ಜರ್ ಬಿಚ್ಚಿ, ನೀಟಾಗಿ ಸುತ್ತಿ, ನನ್ನ ಚೀಲಕ್ಕೆ ಹಾಕಿದಳು. ಹೊರಡುವಾಗ ಕುಡಿಯಲು ನೀರು ಬೇಕಾ ಎಂದೂ ಕೇಳಿದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡೆ.

ಸ್ಟುಡಿಯೋದ ಯಜಮಾನ ಲ್ಯಾಪ್‌ಟಾಪು ಕಂಡದ್ದೇ ಎದ್ದು ನಿಂತ.

“ನಾನು ಕೇಳಿದ್ದು ನಿಜ. ಬೇಡ ಅಂದ್ರು, ಬಿಟ್ಟೆ. ಆಮೇಲೆ ಆ ಮನೆ ಹೊಸ್ತಿಲು ತುಳಿದಿಲ್ಲ. ಬೇಕಾದ್ರೆ ನನ್ನ ಯಂತ್ರಗಳನ್ನೆಲ್ಲ ಜಾಲಾಡಿ.” ತೆರೆದು ಅಂಕಿ ನೋಡಿದ, ಅವನ ಮುಖ ಮೃದುವಾಯಿತು. “ಇದು ಕೆಟ್ಟಿಲ್ಲ ಮೇಡಂ. ಅವರೇ ಹೀಗಿಟ್ಟದ್ದು.”

“ಯಾಕೆ?”

“ಪ್ರೊಸೆಸರ್ ಜೋರಾಗಿ ಓಡಿದ್ರೆ ಬಿಸಿ. ಬಿಸಿಯಾದ್ರೆ ಫ್ಯಾನು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತೆ. ಅದಕ್ಕೇ ವಿದ್ಯುತ್ ಉಳಿತಾಯದ ಸೆಟ್ಟಿಂಗಿನಲ್ಲಿ ವೇಗಕ್ಕೆ ಲಗಾಮು ಹಾಕಿಡ್ತಿದ್ರು. ‘ನಾನು ಓದುವಾಗ ಇದು ಉಸಿರು ಬಿಗಿ ಹಿಡಿದು ಕೇಳಬೇಕು’ ಅಂತಿದ್ರು.”

“ಬ್ಯಾಟರಿಯಲ್ಲಿ ಓಡುವಾಗ ಮಾತ್ರವಾ?”

“ಎರಡಕ್ಕೂ. ಬ್ಯಾಟರಿಗೆ ಬೇರೆ, ವೈರಿಗೆ ಬೇರೆ ಹಾಕಬೇಕು, ಎರಡನ್ನೂ ಇಳಿಸಿದ್ರು. ಕಡೆಕಡೆಗೆ ಮನೆಯಲ್ಲಿ ಕೂರೋಕಾಗದೆ ಇಲ್ಲಿಗೇ ಬಂದು, ವೈರ್ ಹಾಕ್ಕೊಂಡೇ ಓದಿದ್ರು. ಆಗಲೂ ತೆವಳ್ತಿತ್ತು. ಒಂದು ಪುಟ ಉಳಿಸೋ ಹೊತ್ತಿಗೆ ನಾವು ಎರಡು ಲೋಟ ಕಾಫಿ ಮುಗಿಸ್ತಿದ್ವಿ.”

ಅತ್ತಿಗೆ ನನ್ನ ಚೀಲದಿಂದ ಚಾರ್ಜರ್ ತೆಗೆದು ಚುಚ್ಚಿದರು.

ಅಂಕಿ ಹಾರಿತು. ಒಂದು, ಎರಡು, ಮೂರೂವರೆ. ನೋಡನೋಡುತ್ತ ಒಳಗಿನಿಂದ ಆ ಉಸಿರು ಎದ್ದಿತು, ಉದ್ದಕ್ಕೆ, ಮೆಟ್ಟಿಲು ಹತ್ತಿ ಬಂದವರ ಹಾಗೆ.

ಸ್ಟುಡಿಯೋದವನು ಕುರ್ಚಿ ಹಿಂದಕ್ಕೆ ತಳ್ಳಿದ. “ಇದನ್ನ ಯಾರೋ ಬದಲಾಯಿಸಿದ್ದಾರೆ!”

ಮತ್ತೆ ಹುಡುಕಿದಾಗ ಸಿಕ್ಕಿತು. ಅವಳ ಹಳೆಯ ರೆಕಾರ್ಡುಗಳನ್ನೆಲ್ಲ ನುಂಗಿ ಕೂತ ಒಂದು ಪ್ರೋಗ್ರಾಮು. ಫೋನಿನಿಂದ ಒಂದು ಸಾಲು ಬರೆದು ಕಳಿಸಿದರೆ ಸಾಕು, ಮುಚ್ಚಿದ ಕೋಣೆಯಲ್ಲಿ ಇದು ಅವಳ ಹಾಗೆ ಓದುತ್ತದೆ. ಓದುವ ಮುಂಚೆ ಯಂತ್ರಕ್ಕೆ ಏದುಸಿರು, ಫ್ಯಾನು ತಿರುಗುತ್ತದೆ.

ಬೀದಿಗಿಳಿದ ಮೇಲೆ ನಾನೆಂದೆ: “ಮೇಷ್ಟ್ರಾ, ಸ್ಟುಡಿಯೋದವನಾ? ಯಾರಿರಬಹುದು ಅತ್ತಿಗೆ?”

“ಗೊತ್ತಾಗಿದೆ. ಗೊತ್ತಾಗದಿದ್ರೇ ಚೆನ್ನಾಗಿತ್ತು. ಹೆಸರು ಹೇಳಿದ್ರೆ ಆ ಮುದುಕಿ ಆಪರೇಷನ್ ಬೇಡ ಅಂದುಬಿಟ್ಟರೆ?”

“ಹಾಗಾದ್ರೆ ಹೇಳದೆ ಇದ್ದುಬಿಡಿ.”

“ಬಾಗಿಲ ಆಚೆ ಮಗಳಿದ್ದಾಳೆ ಅಂತ ನಂಬ್ಕೊಂಡು ಆಸ್ಪತ್ರೆಗೆ ಹೋಗ್ತಾರೆ. ಬಂದಮೇಲೆ ಬದುಕಿರೋವರೆಗೂ ಆ ಬಾಗಿಲು ಕಾಯ್ತಾರೆ.” ಅತ್ತಿಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡರು. “ನಿನ್ನ ಅಣ್ಣನ ಶರಟು ನಾನು ಎಷ್ಟು ಕಾಲ ಬಾಗಿಲ ಹಿಂದೆ ನೇತುಹಾಕಿದ್ದೆ, ನಿನಗೇ ಗೊತ್ತಲ್ಲ.”

ಗೊತ್ತಿತ್ತು. ಅದನ್ನು ಕಡೆಗೆ ಇಳಿಸಿದವಳು ನಾನೇ.

ಮಾರನೆಯ ಬೆಳಿಗ್ಗೆ ತಾಯಿ ಸ್ನಾನಕ್ಕೆ ಹೋದಾಗ ಅತ್ತಿಗೆ ಮೇಷ್ಟ್ರನ್ನೂ ಪುಟ್ಟಿಯನ್ನೂ ಕಂಬಳಿಯ ಕೋಣೆಗೆ ಕರೆದರು. ಲ್ಯಾಪ್‌ಟಾಪನ್ನು ಅದರ ಜಾಗದಲ್ಲಿಟ್ಟು ವೈರ್ ಚುಚ್ಚಿ, ಸ್ಟುಡಿಯೋದಲ್ಲಿ ಕಂಡದ್ದನ್ನೆಲ್ಲ ಹೇಳಿದರು. ಮೇಷ್ಟ್ರು ಮೇಜು ಹಿಡಿದುಕೊಂಡರು.

“ಯಾರು ಮೇಡಂ?”

“ಮೇಷ್ಟ್ರೇ, ನೀವು ಇದನ್ನ ವೈರ್ ಬಿಡಿಸಿಯೇ ತಂದ್ರಿ, ಕೆಟ್ಟಿದೆ ಅಂದ್ರಿ. ನಿಮಗೆ ಗೊತ್ತಿದ್ದದ್ದು ತೆವಳೋ ಯಂತ್ರ ಒಂದೇ. ಸ್ಟುಡಿಯೋದವನಿಗೆ ಗೊತ್ತಿದ್ದದ್ದೂ ಅದೇ. ನಿಮ್ಮ ಹೆಂಡತಿ ಇರೋವರೆಗೂ ವೈರ್ ಹಾಕಿದ್ರೂ ಇದು ತೆವಳ್ತಿತ್ತು. ಯಾರೋ ವೈರಿನ ಲಗಾಮು ಬಿಚ್ಚಿದ್ರು, ಬ್ಯಾಟರಿಯದ್ದು ಮರೆತರು. ಹಾಗಿರುವಾಗ, ಹೋದಮೇಲೆ ಇದನ್ನ ಮುಟ್ಟೇ ಇಲ್ಲ ಅನ್ನೋರಿಗೆ ‘ವೈರ್ ಹಾಕಿದ್ರೆ ಓಡುತ್ತೆ’ ಅಂತ ಹೇಗೆ ಗೊತ್ತಾಯ್ತು?” ಅತ್ತಿಗೆ ತಿರುಗಿದರು. “ಪುಟ್ಟಮ್ಮ, ನಿಮ್ಮನ್ನ ಹಿಡಿದುಕೊಟ್ಟದ್ದು ನಿಮ್ಮ ಒಳ್ಳೆತನ. ನಮಗೆ ಕಾಯೋದು ತಪ್ಪಲಿ ಅಂದ್ರಿ.”

ಪುಟ್ಟಿ ಗೋಡೆಯ ಕಂಬಳಿಗೆ ಒರಗಿದಳು.

“ನೀನಾ?” ಎಂದರು ಮೇಷ್ಟ್ರು. “ಅವಳು ಬೇಡ ಅಂದಿದ್ದು ನಿನ್ನ ಎದುರಿಗೇ ಅಲ್ವಾ?”

“ಅವಳು ಹೋದ್ಳು ಭಾವ. ಅಮ್ಮ ಇನ್ನೂ ಇದ್ದಾಳಲ್ಲ.” ದನಿ ಒಡೆಯಿತು. “ಆಪರೇಷನ್ ಮಾಡಿಸ್ಕೋ ಅಂತ ಎಷ್ಟು ಸಲ ಹೇಳಿದ್ದೆ? ಗೋಡೆ ಕಡೆ ತಿರುಗಿ ಮಲಗ್ತಿದ್ಲು. ಅದೇ ಮಾತು, ಒಂದಕ್ಷರ ಬದಲಾಯಿಸದೆ ಅಕ್ಕನ ದನೀಲಿ ಹೇಳಿಸ್ದೆ. ತಕ್ಷಣ ‘ಆಗಲಿ ಕಣೇ’ ಅಂದ್ಲು. ಊರೋರ ಕಿವಿಯೆಲ್ಲ ಪರೀಕ್ಷೆ ಮಾಡ್ತೀನಿ ಮೇಡಂ. ನಮ್ಮನೇಲಿ ನನ್ನ ದನಿ ಯಾರಿಗೂ ಕೇಳಿಸಲ್ಲ.”

“ಆಸ್ಪತ್ರೆಗೆ ಬರ್ತೀಯಾ ಅಂತ ಕೇಳಿದಾಗ ಯಾಕೆ ಸುಮ್ಮನಾದ್ರಿ?”

“ಟೈಪ್ ಮಾಡೋಕೆ ಬೆರಳು ಬರಲಿಲ್ಲ.” ಅವಳು ಮೈಕಿನ ಕಡೆ ನೋಡಿದಳು. “ಬರೋಳು ನಾನಲ್ವಾ?”

ಬಾಗಿಲ ಬಳಿ ಸೀಗೆಯ ವಾಸನೆ. ತಾಯಿ ನಿಂತಿದ್ದರು. ಒದ್ದೆ ಕೂದಲಿನಿಂದ ರವಿಕೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಎಷ್ಟು ಕೇಳಿಸಿಕೊಂಡರೋ.

“ಅಮ್ಮ—” ಎಂದಳು ಪುಟ್ಟಿ.

“ಸುಮ್ಮನಿರು.”

ನಿಧಾನವಾಗಿ ಒಳಗೆ ಬಂದು ಹಿರಿಮಗಳ ಕುರ್ಚಿಯಲ್ಲಿ ಕೂತರು. “ಅವಳು ಯಾವತ್ತು ನನ್ನ ಕಾಲು ನೋಡಿದ್ಲು? ಗದರೋಳು. ‘ಮಾತ್ರೆ ನುಂಗು, ಕಾಟ ಕೊಡಬೇಡ’ ಅನ್ನೋಳು. ಕಾಲು ಊದಿದ್ಯಾ ಅಂತ ಕೇಳೋಳು ನೀನು.” ಅವರು ಯಾರ ಮುಖವನ್ನೂ ನೋಡಲಿಲ್ಲ. “ನನಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಿತ್ತು.”

ಯಂತ್ರವೊಂದೇ ಉಸಿರಾಡುತ್ತಿತ್ತು.

“ಅವಳು ಹೇಗೆ ಇಟ್ಟಿದ್ಲೋ ಹಾಗೆ ಇಡು ಇದನ್ನ. ಆ ದನೀನೂ ತೆಗೆದುಹಾಕು. ನನ್ನೆದುರಿಗೇ.”

ಪುಟ್ಟಿ ಬಗ್ಗಿ, ಕಣ್ಣೀರಿನಲ್ಲೇ ತಡಕಾಡಿ ನಕಲನ್ನು ಅಳಿಸಿದಳು. ಆಮೇಲೆ ವೇಗಕ್ಕೆ ಲಗಾಮು ಹಾಕಿದಳು. ಮೂರೂವರೆ, ಎರಡು, ಒಂದು, ಒಂದಕ್ಕಿಂತ ಕೆಳಗೆ. ಫ್ಯಾನಿನ ಸದ್ದು ತೆಳುವಾಗುತ್ತ ಹೋಗಿ ನಿಂತಿತು. ಮೇಷ್ಟ್ರು ಮುಖ ಮುಚ್ಚಿಕೊಂಡು ಹೊರಗೆ ನಡೆದರು. ತಾಯಿ ಮಾತ್ರ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಬಿಸಿ ಆರುವವರೆಗೂ ಕೂತೇ ಇದ್ದರು.

“ನಾಳೆ ಆಸ್ಪತ್ರೆಗೆ...” ಎಂದು ಅತ್ತಿಗೆ ಮೆಲ್ಲಗೆ ಎತ್ತಿದರು.

ತಾಯಿ ಎದ್ದು, ಬಾಗಿಲು ಹಿಡಿದುಕೊಂಡು, ಕಿರಿಮಗಳಿಗೆ ಬೆನ್ನು ಮಾಡಿಯೇ ನಿಂತರು.

“ಇವತ್ತು ನಿನ್ನ ಹತ್ತಿರ ನಾನು ಮಾತಾಡಲ್ಲ ಪುಟ್ಟಿ. ಬೆಳಿಗ್ಗೆ ಹೊರಡೋ ಹೊತ್ತಿಗೆ ಬಂದು ಎಬ್ಬಿಸು.” ಒಂದು ಹೆಜ್ಜೆ ಇಟ್ಟು ನಿಂತರು. “ಜೋರಾಗಿ ಕೂಗು. ನಿನ್ನ ದನಿ ನನಗೆ ಅಭ್ಯಾಸ ಇಲ್ಲ.”