ದೇವರ ಕೋಣೆಯ ಎರಡನೇ ಕರಡಿಗೆ

2025ರ ಅಕ್ಟೋಬರ್ 27, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆಯ ಕೆ.ಬಿ. ಬಡಾವಣೆಯ ಗುರುಶಾಂತಮ್ಮ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ರೂಪಶ್ರೀ ಅವರ ಮೇಜಿನ ಮುಂದೆ ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೂಡ್ರಿ ಅಮ್ಮಾ. ಏನಾಗೈತೆ ಹೇಳ್ರಿ."

"ನನ್ನ ಮಗ ಬಕ್ಕೇಶ ಹಿಮಾಲಯಕ್ಕೆ ಹೋಗಿದ್ದ. ಜತಿಗೆ ಹೋದೋನು ಬಂದಾನೆ. ಇವ್ನು ಬಂದಿಲ್ಲ."

ಬಕ್ಕೇಶನಿಗೆ ಇಪ್ಪತ್ತೊಂಬತ್ತು ವರ್ಷ. ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆ ಬಂತೆಂದರೆ ಬೆನ್ನಿಗೆ ಬ್ಯಾಗು ಏರಿಸಿ ಹರಿಹರದ ಗೆಳೆಯ ಬಸವಕಿರಣನ ಜೊತೆ ಯಾವುದಾದರೂ ಬೆಟ್ಟ ಹತ್ತುವುದು ಅವನ ಹುಚ್ಚು. ಈ ದಸರಾ ರಜೆಗೆ ಇಬ್ಬರೂ ಹಿಮಾಚಲದ ಸ್ಪಿತಿಗೆ ಹೋಗಿದ್ದರು. ಅಕ್ಟೋಬರ್ ಐದರಂದು ಬಸವಕಿರಣ ಒಬ್ಬನೇ ಹಿಂತಿರುಗಿದ. ಮನೆಗೆ ಬಾರದೆ ಫೋನಿನಲ್ಲೇ ವಿಷಯ ಮುಟ್ಟಿಸಿದ. ಕಾಜಾ ಎಂಬ ಊರಿನಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಬಕ್ಕೇಶ ಒಬ್ಬನೇ ಲಡಾಖ್ ಕಡೆ ಹೊರಟುಹೋದ ಎಂದ. ಅದಕ್ಕೆ ಮೊದಲು ಬಕ್ಕೇಶನ ನಂಬರಿನಿಂದಲೂ ತಾಯಿಗೆ ಒಂದು ಮೆಸೇಜ್ ಬಂದಿತ್ತು: ಅವ್ವಾ, ಆರಾಮ ಅದೀನಿ, ಮುಂದೆ ನೆಟ್‌ವರ್ಕ್ ಇರಲ್ಲ.

"ದೀಪಾವಳಿಗೆ ಬಂದೇ ಬರ್ತಾನೆ ಅಂತ ಕಾದೆ," ಎಂದರು ಗುರುಶಾಂತಮ್ಮ. "ಬರಲಿಲ್ಲ."

ಅವರು ತೋರಿಸಿದ ಫೋಟೋದಲ್ಲಿ ಬಕ್ಕೇಶ ಹಿಮದ ಮುಂದೆ ನಗುತ್ತಿದ್ದ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು.

"ಇದನ್ನ ಯಾವಾಗಲೂ ಹಾಕ್ಕಂಡಿರ್ತಾನಾ?"

"ಸ್ನಾನಕ್ಕೂ ತೆಗಿಯಂಗಿಲ್ರಿ. ಹಲ್ಲು ಬರೋವಾಗ ಕಚ್ಚಿ ಕಚ್ಚಿ ಮುಚ್ಚಳ ತಗ್ಗು ಮಾಡ್ಯಾನೆ. ಬದಲಿ ಮಾಡಿಸ್ತೀನಿ ಅಂದ್ರೆ ಬ್ಯಾಡ ಅಂತಾನೆ." ಗುರುಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ದಿನಾ ರಾತ್ರಿ ಅವನ ಪಾಲಿನ ರೊಟ್ಟಿ ತೆಗೆದಿಡ್ತೀನಿ. ಬೆಳಿಗ್ಗೆ ಎದ್ದು ದನಕ್ಕೆ ಹಾಕ್ತೀನಿ. ಅದಾನೋ ಇಲ್ಲೋ, ಅಷ್ಟು ಹೇಳಿಬಿಡ್ರಿ ಸಾಕು."

ಕಾಣೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ರೂಪಶ್ರೀ ಕಾಜಾ ಠಾಣೆಗೆ ಫೋನ್ ಮಾಡಿ ಫೋಟೋ ಕಳಿಸಿದರು. ಆ ಕಡೆಯ ಅಧಿಕಾರಿ ಒಂದು ಮಾತು ಸೇರಿಸಿದ: ಹುಡುಕುವುದಿದ್ದರೆ ಬೇಗ ಜಾಗ ಹೇಳಿ, ಹಿಮ ಬಿದ್ದರೆ ಮೇಲಿನ ದಾರಿಗಳೆಲ್ಲ ಬೇಸಿಗೆಯವರೆಗೆ ಮುಚ್ಚುತ್ತವೆ.

ಬಸವಕಿರಣನನ್ನು ಅದೇ ಮಧ್ಯಾಹ್ನ ಕರೆಸಿದರು. ಹರಿಹರದಲ್ಲಿ ಚಾರಣಕ್ಕೆ ಹೋಗುವವರಿಗೆ ಟೆಂಟು, ಬ್ಯಾಗು, ಬೂಟು ಬಾಡಿಗೆಗೆ ಕೊಡುವ ಅಂಗಡಿ ಅವನದು. ಒಣಗಿದ ಮುಖ, ಬಿಸಿಲಿಗೆ ಸುಲಿದ ಮೂಗು.

"ಎಲ್ಲಿ ಬಿಟ್ಟೆ ಅವನನ್ನ?"

"ಕಾಜಾದಾಗ ಮೇಡಂ. ಸೆಪ್ಟೆಂಬರ್ 29ನೇ ತಾರೀಕು."

"ಆಮೇಲೆ ಭೇಟಿ?"

"ಇಲ್ಲ. ನಾನು ಮನಾಲಿ ಬಸ್ ಹತ್ತಿದೆ. ಟಿಕೆಟ್ ಐತೆ ನೋಡ್ರಿ."

ಟಿಕೆಟ್ಟನ್ನು ಯಾರೂ ಕೇಳಿರಲಿಲ್ಲ. ಅವನು ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಖುದ್ದೂಸ್ ಮೆಲ್ಲಗೆ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ," ಎಂದ.

ಬುಧವಾರ ಫೋನ್ ಕರೆಗಳ ವಿವರ ಬಂತು. ಸೆಪ್ಟೆಂಬರ್ 30ರ ಸಂಜೆ ಬಕ್ಕೇಶನ ಫೋನು ಮನಾಲಿಯಲ್ಲಿ ಕೊನೆಯ ಬಾರಿ ಹತ್ತಿ ಆರಿತ್ತು. ತಾಯಿಗೆ ಮೆಸೇಜ್ ಹೋದದ್ದೂ ಅಲ್ಲಿಂದಲೇ. ಅದೇ ಹೊತ್ತಿಗೆ, ಅದೇ ಟವರಿನ ಕೆಳಗೆ ಬಸವಕಿರಣನ ಫೋನೂ ಇತ್ತು. ಹಿಂದಿನ ದಿನವೇ ಬೇರೆಯಾದವರ ಫೋನುಗಳು ಮಾತ್ರ ಜೊತೆಯಾಗಿ ಪ್ರಯಾಣ ಮಾಡಿದ್ದವು.

ಗುರುವಾರ ಬೆಳಿಗ್ಗೆ ರೂಪಶ್ರೀ ಮತ್ತು ಖುದ್ದೂಸ್ ಹರಿಹರಕ್ಕೆ ಹೋದರು. ಹೊಳೆ ಕಡೆಯ ಬೀದಿಯಲ್ಲಿ ಮನೆ. ಬಸವಕಿರಣ ಆಗಲೇ ಅಂಗಡಿಗೆ ಹೋಗಿದ್ದ. ಬಾಗಿಲು ತೆಗೆದದ್ದು ಅವನ ಅಜ್ಜಿ ಕೊಟ್ರವ್ವ. ಕಣ್ಣು ಮಂಜಾದ ಮುದುಕಿಗೆ ಪೊಲೀಸರೆಂದರೂ ಗಾಬರಿಯಾಗಲಿಲ್ಲ.

"ಬರ್ರವ್ವಾ, ಕೂಡ್ರಿ. ನಮ್ಮ ಕಿರಣ ಏನೂ ತಪ್ಪು ಮಾಡಂಗಿಲ್ಲ. ಬೆಟ್ಟಕ್ಕೆ ಹೋಗಿ ಬಂದ ಮ್ಯಾಲಂತೂ ಭಾಳ ಭಕ್ತಿ ಬಂದೈತೆ. ಮದ್ಲು ಲಿಂಗಪೂಜೆ ಅಂದ್ರೆ ಮೂಗು ಮುರೀತಿದ್ದ. ಈಗ ದಿನಾ ಮಡಿಯಲ್ಲಿ ಎರಡೂ ಲಿಂಗಕ್ಕೆ ಪೂಜೆ ಮಾಡ್ತಾನೆ."

"ಎರಡೂ ಅಂದ್ರೆ?"

"ಒಂದು ಅವಂದು. ಇನ್ನೊಂದು ಗೆಳೆಯಂದಂತೆ. ಬರೋತನಕ ಇಟ್ಟಿರು ಅಂದಾನಂತೆ."

ದೇವರ ಕೋಣೆಯ ಗೂಡಿನಲ್ಲಿ ಎರಡು ಕರಡಿಗೆಗಳಿದ್ದವು. ಎರಡಕ್ಕೂ ಅಂದಿನ ವಿಭೂತಿ, ಅಂದಿನ ಹೂವು. ಒಂದರ ಮುಚ್ಚಳದ ಅಂಚಿನಲ್ಲಿ ಸಣ್ಣ ಸಣ್ಣ ತಗ್ಗುಗಳಿದ್ದವು. ಹಾಲುಹಲ್ಲಿನ ಗುರುತು.

ಹೊರಗೆ ಬಂದಾಗ ಖುದ್ದೂಸ್ ಕೇಳಿದ: "ಜ್ವಾಪಾನ ಮಾಡು ಅಂತ ಕೊಟ್ಟಿರಬೌದಲ್ಲಾ ಮೇಡಂ?"

"ಇಲ್ರಿ ಖುದ್ದೂಸ್. ನಮ್ಮ ಮನ್ಯಾಗೂ ಕಟ್ತಾರೆ, ನಂಗೊತ್ತು. ಅಷ್ಟು ನೇಮ ಇದ್ದೋನು ಉಸಿರಿರೋತನಕ ಅದನ್ನ ಬ್ಯಾರೆಯವರ ಕೈಗೆ ಕೊಡಂಗಿಲ್ಲ. ಸತ್ತಾಗ ಅವನ ಅಂಗೈಯಾಗೇ ಇಟ್ಟು ಮಣ್ಣು ಮಾಡ್ತಾರೆ. ಅದು ಇಲ್ಲೈತೆ ಅಂದ ಮ್ಯಾಲೆ..."

ನೆರೆಯ ಇಬ್ಬರು ಪಂಚರನ್ನು ಕರೆದು ಪಂಚನಾಮೆ ಮಾಡಿ ಕರಡಿಗೆಯನ್ನು ವಶಕ್ಕೆ ಪಡೆದರು. ಹನ್ನೊಂದಕ್ಕೆ ಬಸವಕಿರಣನನ್ನು ಅಂಗಡಿಯಿಂದ ಠಾಣೆಗೆ ಕರೆತಂದರು. ಮೇಜಿನ ಮೇಲಿದ್ದ ಕರಡಿಗೆಯನ್ನು ನೋಡಿದ್ದೇ ಅವನು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ತಪ್ಪೊಪ್ಪಿಗೆಗೆ ಮೊದಲು ಅವನು ಮಾಡಿದ್ದು ಇಷ್ಟೇ.

"ಬಕ್ಕೇಶ ಇದನ್ನ ತಾನಾಗಿ ಬಿಚ್ಚಿಕೊಟ್ಟನಾ?"

"ಇಲ್ಲ ಮೇಡಂ. ನಾನೇ ಬಿಚ್ಚಿದೆ."

"ಏನಾಯ್ತು?"

"ಪಾಸ್ ಅಂತಾರಲ್ಲ, ಬೆಟ್ಟ ದಾಟೋ ಕಣಿವೆ, ಅದರ ಕೆಳಗೆ ಟೆಂಟು ಹಾಕಿದ್ವಿ. ಹದಿನೈದು ಸಾವಿರ ಅಡಿ ಮ್ಯಾಲೆ. ತಲೆನೋವು ಅಂದ, ವಾಂತಿ ಮಾಡ್ಕಂಡ. ಬೆಳಿಗ್ಗೆ ಎದ್ದು ನಿಂತ್ರೆ ಕುಡಿದೋರಂಗೆ ತೂರಾಡ್ತಿದ್ದ."

"ಅದು ಏನು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಎತ್ತರದ ಕಾಯಿಲೆ. ಕೂಡ್ಲೇ ಇಳಿಸಬೇಕು. ಅಂಗಡಿಗೆ ಬಂದೋರಿಗೆಲ್ಲ ನಾನೇ ಹೇಳಿ ಕಳಿಸ್ತೀನಿ."

"ಮತ್ತ್ಯಾಕ ಇಳಿಸಲಿಲ್ಲ?"

"ಹೋದ ಎರಡು ಸಲಾನೂ ಅವನಿಂದಾನೇ ಅರ್ಧಕ್ಕೆ ವಾಪಸ್ ಬಂದಿದ್ವಿ. ಈ ಸಲ ಪಾಸ್ ಕಣ್ಣಿಗೇ ಕಾಣ್ತಿತ್ತು." ಬಸವಕಿರಣ ನೆಲ ನೋಡುತ್ತಿದ್ದ. "ಕುರಿ ಇಳಿಸ್ಕಂಡು ಹೋಗ್ತಿದ್ದೋನೊಬ್ಬ, ನನ್ನ ಹೇಸರಗತ್ತೆ ಮ್ಯಾಲೆ ಕೂಡ್ರಿಸಿ ಕರ್ಕಂಡು ಹೋಗ್ತೀನಿ ಅಂದ. ಅವನ ಜತಿಗೆ ನಾನೂ ಇಳೀಬೇಕಾಗ್ತಿತ್ತು. ಬ್ಯಾಡ ಅಂದೆ."

"ಬಕ್ಕೇಶ ಏನಂದ?"

"ಇಳಿಯಾನ ಕಿರಣಾ, ಅಂದ. ಗುಳಿಗೆ ಕೊಟ್ಟೆ. ಮಲಿಕ್ಕೋ, ಸಂಜಿಗೆ ಬರ್ತೀನಿ ಅಂದೆ."

ಅವನು ಒಬ್ಬನೇ ಪಾಸ್ ಹತ್ತಿದ. ಅವನ ಫೋನಿನಲ್ಲಿ ಆ ಮಧ್ಯಾಹ್ನದ ಫೋಟೋ ಸಿಕ್ಕಿತು: ಎರಡೂ ಕೈ ಚಾಚಿ ನಿಂತು ನಗು. ಆ ಹೊತ್ತಿಗೆ ಕೆಳಗೆ ಟೆಂಟಿನಲ್ಲಿ ಬಕ್ಕೇಶ ಬದುಕಿದ್ದನೋ ಇಲ್ಲವೋ, ಯಾವ ವೈದ್ಯರೂ ಇನ್ನು ಹೇಳಲಾರರು. ಸಂಜೆ ಇಳಿದು ಬಂದಾಗ ಮೈ ತಣ್ಣಗಾಗಿತ್ತು. ಗುರುಶಾಂತಮ್ಮನಿಗೆ ಹೇಗೆ ಮುಖ ತೋರಿಸಲಿ ಅನ್ನಿಸಿತು ಎಂದ ಬಸವಕಿರಣ. ಮರುದಿನ ಹೆಣವನ್ನು ಕಲ್ಲಿನಿಂದ ಮುಚ್ಚಿ ಇಳಿದ. ಮನಾಲಿಯಿಂದ ಮೆಸೇಜ್ ಕಳಿಸಿದ. ಊರಿಗೆ ಬಂದು ಹರಿಹರದ ಸೇತುವೆಯ ಮೇಲಿಂದ ಗೆಳೆಯನ ಫೋನನ್ನು ತುಂಗಭದ್ರೆಗೆ ಎಸೆದ. ಕರಡಿಗೆಯನ್ನೂ ಎಸೆಯಬೇಕೆಂದು ಮತ್ತೊಮ್ಮೆ ಹೋಗಿದ್ದ, ಕೈ ಏಳಲಿಲ್ಲ. ಪೂಜೆಯಿಲ್ಲದೆ ಮೂಲೆಯಲ್ಲಿಡಲೂ ಧೈರ್ಯವಾಗಲಿಲ್ಲ.

"ಹೆಂಗೆ ಮುಚ್ಚಿದೆ?"

"ಮಲಗಿಸಲಿಲ್ಲ ಮೇಡಂ. ನಮ್ಮ ಪದ್ಧತಿಯಂಗೆ ಕೂಡ್ರಿಸಿದೆ. ಬಂಡೆಗೆ ಒರಗಿಸಿ, ಸುತ್ತ ಕಲ್ಲು ಪೇರಿಸಿದೆ."

"ಅಷ್ಟು ಗೊತ್ತಿದ್ದೋನು ಲಿಂಗ ಯಾಕ ತಂದೆ? ಅದು ಅವನ ಕೈಯಾಗಿರಬೇಕಿತ್ತು."

ಬಸವಕಿರಣ ಮೊದಲ ಸಲ ಅತ್ತ.

"ಅಂಗೈಯಾಗೆ ಇಟ್ಟೆ. ಇಟ್ಟ ಮ್ಯಾಲೆ ಸತ್ತೇಹೋದ ಅನ್ನಿಸ್ತು. ತಿರುಗಿ ತಗಂಡುಬಿಟ್ಟೆ."

ಅಂದು ಸಂಜೆ ನಾಲ್ಕು ಗಂಟೆಗೆ ನಿರ್ಲಕ್ಷ್ಯದಿಂದ ಸಾವು ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಅವನು ಬರೆದುಕೊಟ್ಟ ನಕ್ಷೆ ಕಾಜಾ ಠಾಣೆಗೆ ಹೋಯಿತು. ಮರುದಿನ ಬೆಳಿಗ್ಗೆ ಅಲ್ಲಿನ ಪೊಲೀಸರು ಹೊರಟರು. ಅವರಿಗೆ ದಾರಿ ತೋರಿಸಿದವನು ಹೇಸರಗತ್ತೆಯ ಆ ಕುರಿಗಾಹಿಯೇ. ಕರೆದೊಯ್ಯುತ್ತೇನೆಂದು ತಾನು ಹೇಳಿದ್ದೂ ನಿಜ ಎಂದು ಅವನು ಹೇಳಿಕೆ ಕೊಟ್ಟ. ಶವವನ್ನು ಇಳಿಸಿದ ರಾತ್ರಿಯೇ ಮೇಲೆ ಹಿಮ ಬಿತ್ತು.

ಮರಣೋತ್ತರ ಪರೀಕ್ಷೆ ಮುಗಿದು ನವೆಂಬರ್ 5ರಂದು ಬಕ್ಕೇಶ ದಾವಣಗೆರೆಗೆ ಬಂದ. ಕರಡಿಗೆ ಪ್ರಕರಣದ ಸಾಕ್ಷಿಯಾದ್ದರಿಂದ ಕೊಡುವಂತಿರಲಿಲ್ಲ. ಒಳಗಿನ ಲಿಂಗವನ್ನಾದರೂ ಕೊಡಬೇಕೆಂದು ರೂಪಶ್ರೀ ನ್ಯಾಯಾಲಯದ ಅನುಮತಿ ತಂದಿದ್ದರು. ರುದ್ರಭೂಮಿಯಲ್ಲಿ ಗುರುಶಾಂತಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಅದನ್ನು ಬಕ್ಕೇಶನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಮಣ್ಣು ಕೊಟ್ಟಾದ ಮೇಲೆ ಗುರುಶಾಂತಮ್ಮ ರೂಪಶ್ರೀ ಬಳಿಗೆ ಬಂದರು.

"ಕಿರಣ ದಿನಾ ಪೂಜೆ ಮಾಡ್ತಿದ್ನಂತಾ ಅದಕ್ಕೆ?"

"ಹೂಂ ಅಮ್ಮಾ. ಒಂದು ದಿನಾನೂ ತಪ್ಪಿಸಿಲ್ಲ."

ಗುರುಶಾಂತಮ್ಮ ಕೈಗೆ ಹತ್ತಿದ ಮಣ್ಣು ಕೊಡವಿಕೊಂಡರು.

"ಹರಿಹರ ಏನು ದೂರ ತಾಯಿ? ಬಂದು ಹೇಳಿದ್ರೆ ಅತ್ತು, ಬೈದು, ಹೊಡೆದು, ಕೊನೆಗೆ ಅವನಿಗೂ ಒಂದು ರೊಟ್ಟಿ ಹಾಕ್ತಿದ್ದೆ. ಅಷ್ಟೆತ್ತರ ಹತ್ತಿದೋನಿಗೆ ನನ್ನ ಮನಿ ಮೆಟ್ಲು ಹತ್ತಾಕೆ ಆಗಲಿಲ್ಲ ನೋಡು."

ಲಿಂಗ ಪಡೆದ ರಸೀದಿಗೆ ಸಹಿ ಹಾಕಿ ಅವರು ಮನೆಗೆ ನಡೆದರು. ಹಲ್ಲಿನ ಗುರುತಿನ ಖಾಲಿ ಕರಡಿಗೆ ಠಾಣೆಯ ಮುದ್ದೆಮಾಲು ಕೋಣೆಯಲ್ಲಿದೆ.